ಅಮಾವಾಸ್ಯೆಯ ಹಾಳೆ: ದಾವಣಗೆರೆಯ ಒಂದು ಸೈಟಿನಲ್ಲಿ ಗಾಳಿ ಅಳೆದ ನನ್ನ ಅನುಭವ

ಸೈಟಿನ ಧೂಳಿಗೆಲ್ಲ ಹೆದ್ದಾರಿಯೇ ಕಾರಣ ಅಂತ ಎಲ್ಲರೂ ಹೇಳುತ್ತಿದ್ದರು. ಕಟ್ಟಡ ಕಟ್ಟಿಸುವ ಸಾಹುಕಾರರು, ಅವರ ಆರ್ಕಿಟೆಕ್ಟ್, ನನ್ನ ಜೊತೆ ಕೆಲಸ ಮಾಡುವವರು, ಎಲ್ಲರದ್ದೂ ಒಂದೇ ಮಾತು. ಹೆದ್ದಾರಿ ಅಲ್ಲ ಅಂತ ಹೇಳುತ್ತಿದ್ದವನು ನಾನೊಬ್ಬನೇ. ಅದನ್ನು ತೋರಿಸಲು ಎರಡು ಚಳಿಗಾಲ ಹಿಡಿಯಿತು. ಈಗ ಪರಿಸರ ಅನುಮತಿಯ ಕಡತ ಪಾಸಾಗಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸೈಟು ದಾವಣಗೆರೆ ಊರ ಹೊರಗೆ, ರಾಷ್ಟ್ರೀಯ ಹೆದ್ದಾರಿ 48ರಿಂದ ಸುಮಾರು ಆರುನೂರು ಮೀಟರ್ ಪಶ್ಚಿಮಕ್ಕೆ. ಅಪಾರ್ಟ್‌ಮೆಂಟ್, ಕೆಳಗೆ ಒಂದಿಷ್ಟು ಅಂಗಡಿ. ಒಟ್ಟು ಕಟ್ಟಡದ ವಿಸ್ತೀರ್ಣ 34,000 ಚದರ ಮೀಟರ್ ಆಸುಪಾಸು. 20,000 ದಾಟಿದ ಮೇಲೆ ಪರಿಸರ ಅನುಮತಿ ಇಲ್ಲದೆ ಗುದ್ದಲಿ ಹಾಕುವಂತಿಲ್ಲ, ಅದು ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮದು ಅನುಮತಿ ಪಟ್ಟಿಯ 8(ಎ) ವರ್ಗ ಆದ್ದರಿಂದ ಪೂರ್ತಿ ಇಐಎ (ಪರಿಸರ ಪರಿಣಾಮ ಅಧ್ಯಯನ) ವರದಿಯ ಗೋಳಿರಲಿಲ್ಲ. ಅರ್ಜಿಯ ಫಾರ್ಮ್ 1, 1ಎ, ಅದರ ಜೊತೆ ಗಾಳಿಯ ಅಂಕಿ ಕೊಟ್ಟರೆ ಆಯಿತು ಅಂದುಕೊಂಡಿದ್ದೆ.

ಮೊದಲನೇ ಸುತ್ತಿನಲ್ಲಿ ಪಿಎಂ 10, ಅಂದರೆ 10 ಮೈಕ್ರಾನ್ ಒಳಗಿನ ಸಣ್ಣ ಧೂಳು, ಸರಾಸರಿ ಘನ ಮೀಟರ್ ಗಾಳಿಗೆ 140 ಮೈಕ್ರೋಗ್ರಾಂ ಮೇಲೆ ಬಂತು. 24 ಗಂಟೆಗೆ ಮಿತಿ 100. ಅನುಮತಿಯ ಕಡತ ನೋಡಲು ಮೇಲೆ ಕೂತವರು ಕೇಳಿದ್ದು ಒಂದೇ ಪ್ರಶ್ನೆ: "ಈಗಲೇ ಮಿತಿ ಮೀರಿದೆ. ನಿಮ್ಮ ಕಟ್ಟಡದ ಧೂಳನ್ನು ಎಲ್ಲಿ ಇಡ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ್ದು ತಪ್ಪೇನೂ ಅಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆಗೆ ದಾವಣಗೆರೆಯೂ ಇದೆ. ಈ ಊರಿನ ಹೆಸರು ಕಂಡರೆ ಗಾಳಿಯ ಪುಟವನ್ನು ಎರಡು ಸಲ ತಿರುವಿ ನೋಡುತ್ತಾರೆ.

ಆ ಸುತ್ತಿಗೆ ಆದ ಖರ್ಚು ಎರಡೂಮುಕ್ಕಾಲು ಲಕ್ಷ. ಬಾಡಿಗೆ ಸ್ಯಾಂಪ್ಲರ್ (ಗಾಳಿ ಎಳೆದು ಅದರ ಧೂಳನ್ನು ಗಾಜಿನ ನಾರಿನ ಸೋಸುವ ಹಾಳೆ ಮೇಲೆ ಹಿಡಿಯುವ ಯಂತ್ರ), ಲ್ಯಾಬ್, ಡೀಸೆಲ್, ಇಬ್ಬರು ಹುಡುಗರ ಊಟ-ವಸತಿ. ಸಾಹುಕಾರರು ಒಂದು ಲಕ್ಷ ಕೊಟ್ಟು ಉಳಿದದ್ದನ್ನು ತಡೆಹಿಡಿದರು. "ಇಂಜಿನಿಯರ್ರೇ, ಗಾಳಿ ಅಳೆಯೋಕೆ ಇಷ್ಟು ದುಡ್ಡಾ? ಅದೂ ಫೇಲ್ ಆಗೋಕೆ?" ಅಂದರು. ಏನು ಹೇಳಲಿ?

ಫೇಲ್ ಆದದ್ದು ಯಾಕೆ ಅಂತ ಆಮೇಲೆ ಕೂತು ನೋಡಿದರೆ ತಪ್ಪೆಲ್ಲ ನನ್ನದೇ. ಮೂರು ದೊಡ್ಡ ತಪ್ಪುಗಳನ್ನು ಮಾತ್ರ ಹೇಳುತ್ತೇನೆ.

ಒಂದು, ಜನರೇಟರ್. ರಾತ್ರಿ ಕರೆಂಟ್ ಹೋದಾಗ ಮಳೆ ಹನಿಯಿತು ಅಂತ ವಾಚ್‌ಮನ್ ಅಜ್ಜ ಅದನ್ನು ಎಳೆದು ತಂದು ಸ್ಯಾಂಪ್ಲರ್ ಪಕ್ಕದ ತಗಡಿನ ಕೆಳಗೆ ಇಟ್ಟುಬಿಟ್ಟಿದ್ದ. ಆ ರಾತ್ರಿಯ ನೈಟ್ರೋಜನ್ ಡೈಆಕ್ಸೈಡ್ ಅಂಕಿ ನೋಡಿ ಲ್ಯಾಬಿನವರು ನನಗೆ ಫೋನ್ ಮಾಡಿ ನಕ್ಕರು. ಅಜ್ಜನ ತಪ್ಪಲ್ಲ. ಎಲ್ಲಿ ಇಡಬೇಕು ಅಂತ ನಾನು ಹೇಳಿರಲೇ ಇಲ್ಲ.

ಎರಡು, ಮೆಕ್ಕೆಜೋಳ. ನಮ್ಮ ಅಳತೆ ಶುರುವಾದದ್ದು ಸರಿಯಾಗಿ ಒಕ್ಕಣೆ ಹೊತ್ತಿಗೆ. ಪಕ್ಕದ ಹೊಲದವರು ಮೂರು ದಿನ ಮಷಿನ್ ಹಾಕಿ ಜೋಳ ಬಿಡಿಸಿದರು, ಸ್ಯಾಂಪ್ಲರಿನಿಂದ ನಲವತ್ತು ಅಡಿ ದೂರದಲ್ಲಿ. ಹುಡುಗ ಡೈರಿಯಲ್ಲಿ ಏನೂ ಬರೆದಿರಲಿಲ್ಲ. ಹಾಳೆ ಮೇಲೆ ಕೆಂಪು ಹೊಟ್ಟಿನ ಚೂರು ಬರಿಗಣ್ಣಿಗೇ ಕಾಣುತ್ತಿತ್ತು. ಆದರೂ ಅದನ್ನೇ ಸರಾಸರಿಗೆ ಸೇರಿಸಿ ಕಳಿಸಿದ್ದೆ.

ಮೂರನೆಯದು ಇನ್ನೂ ನಾಚಿಕೆಯದು. ಹಾಳೆಯ ಚೌಕಟ್ಟನ್ನು ಹುಡುಗ ಬಲ ಹಾಕಿ ಬಿಗಿ ಮಾಡುತ್ತಿದ್ದ. ಬಿಚ್ಚುವಾಗ ಗಾಜಿನ ನಾರು ಗ್ಯಾಸ್ಕೆಟ್‌ಗೆ ಅಂಟಿಕೊಂಡು ಕಿತ್ತು ಬರುತ್ತಿತ್ತು. ಹಾಳೆಯ ತೂಕವೇ ಮೂರು ಗ್ರಾಂ ಹತ್ತಿರ, ಅದರ ಮೇಲೆ ಕೂರುವ ಧೂಳು ಎಂಟು ಗಂಟೆಗೆ 80-100 ಮಿಲಿಗ್ರಾಂ. ಅದರಲ್ಲಿ 20 ಮಿಲಿಗ್ರಾಂ ನಾರು ಕಿತ್ತು ಹೋದರೆ ಘನ ಮೀಟರ್ ಗಾಳಿಯ ಲೆಕ್ಕದಲ್ಲಿ 35-40 ಮೈಕ್ರೋಗ್ರಾಂ ಮಾಯ. ಒಂದು ಹಾಳೆಯಂತೂ ಹೋದದ್ದಕ್ಕಿಂತ ಹಗುರವಾಗಿ ವಾಪಸ್ ಬಂದಿತ್ತು! ಅಂದರೆ ನನ್ನ 140 ಕೂಡ ಸರಿಯಾದ 140 ಅಲ್ಲ. ಈಗ ತೆಳು ಟೆಫ್ಲಾನ್ ಪಟ್ಟಿ ಕತ್ತರಿಸಿ ಮಧ್ಯೆ ಇಡುತ್ತೇನೆ, ನಟ್ಟನ್ನು ಎರಡೇ ಬೆರಳಲ್ಲಿ ತಿರುಗಿಸುತ್ತೇನೆ.

ಆಗ ಸಲಹೆಗಳಿಗೇನೂ ಬರ ಇರಲಿಲ್ಲ. ಒಬ್ಬರು "ಮಳೆ ಬಿದ್ದ ಮಾರನೇ ದಿನ ಅಳೆದುಬಿಡಿ" ಅಂದರು. ಇನ್ನೊಬ್ಬರು ಸ್ಯಾಂಪ್ಲರನ್ನು ದೂರದ ತೋಟದ ಮನೆ ಮೇಲೆ ಇಡಲು ಹೇಳಿದರು. ನಾನು ಮಾಡಲಿಲ್ಲ. ಸತ್ಯವಂತ ಅಂತಲ್ಲ, ಸಿಕ್ಕಿಬೀಳುವ ಭಯ. ಮೇಲೆ ಕೂತವರಲ್ಲಿ ಒಬ್ಬರಿಗಾದರೂ ಆ ತಿಂಗಳ ಮಳೆ ಲೆಕ್ಕ ಗೊತ್ತಿರುತ್ತದೆ.

ಎರಡನೇ ಚಳಿಗಾಲಕ್ಕೆ ಹಳೆಯ ಸ್ಯಾಂಪ್ಲರ್ ಒಂದನ್ನು ಮೂವತ್ತೈದು ಸಾವಿರಕ್ಕೆ ಕೊಂಡೆ. ಮೋಟಾರಿನ ಕಾರ್ಬನ್ ಬ್ರಷ್ ಬದಲಿಸಿ, ಹರಿವು ಕ್ಯಾಲಿಬ್ರೇಟ್ ಮಾಡಿಸಿದ ಮೇಲೆ ನಲವತ್ತು ದಾಟಿತು. ಎಂಟೆಂಟು ಗಂಟೆಗೆ ಹಾಳೆ ಬದಲಿಸುವುದು ಹೊಸ ವಿಷಯವೇನಲ್ಲ. ಆದರೆ ನಾವೆಲ್ಲ ಏನು ಮಾಡುತ್ತೇವೆ? ಮೂರನ್ನೂ ತೂಗಿ, ಕೂಡಿ, ಭಾಗಿಸಿ, ಒಂದು ಅಂಕಿ ಬರೆದು ಹಾಳೆಗಳನ್ನು ಮರೆತುಬಿಡುತ್ತೇವೆ. ನನಗೆ ಬೇಕಿದ್ದ ಉತ್ತರ ಆ ಮೂರು ಹಾಳೆಗಳ ನಡುವಿನ ವ್ಯತ್ಯಾಸದಲ್ಲೇ ಇತ್ತು.

ಇಲ್ಲೂ ಮೊದಲು ಎಡವಿದೆ. ಮಾಮೂಲಿನಂತೆ ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಬದಲಿಸಿದೆ. ಮೂರೂ ಹಾಳೆ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಎರಡು ವಾರ ಹಾಳು. ಆಮೇಲೆ ಒಂದು ದಿನ ನಾನೇ ಶೆಡ್ಡಿನಲ್ಲಿ ಮಲಗಿದೆ. ಬೆಳಗಿನ ಜಾವ ಐದಕ್ಕೆ ಎಚ್ಚರವಾದಾಗ ಮೂಗಿಗೆ ಹೊಗೆ ಬಡಿಯಿತು. ಸುತ್ತಲಿನ ಮನೆಗಳಲ್ಲಿ ಸ್ನಾನದ ನೀರಿಗೆ ಒಲೆ ಹಚ್ಚಿದ್ದರು, ಕಾಳು ಬಿಡಿಸಿದ ಜೋಳದ ದಿಂಡನ್ನೇ ಸೌದೆ ಮಾಡಿಕೊಂಡು. ಚಳಿಗೆ ಹೊಗೆ ಮೇಲೇಳದೆ ನೆಲಕ್ಕೇ ಹಾಸಿಕೊಂಡಿತ್ತು. ಐದರಿಂದ ಏಳೂವರೆಯ ಆ ಹೊಗೆಯನ್ನು ನಾನು ಆರು ಗಂಟೆಗೆ ಕತ್ತರಿಸಿ ಎರಡು ಹಾಳೆಗೆ ಹಂಚುತ್ತಿದ್ದೆ!

ಅವತ್ತಿನಿಂದ 4, 12, 8 ಮಾಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಳೆ ಬದಲಿಸಲು ಹುಡುಗ ಸಿಗುವುದಿಲ್ಲ. ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಟ್ಟೆ, ಒಂದು ಸ್ವೆಟರ್ ಕೂಡ.

ಈಗ ಹಾಳೆಗಳು ಮಾತಾಡಲು ಶುರು ಮಾಡಿದವು. ರಾತ್ರಿ 8ರಿಂದ 4ರವರೆಗಿನ ಹಾಳೆ ತಿಳಿ, 70ರ ಆಸುಪಾಸು. ಬೆಳಗಿನದು ಕಪ್ಪು ಛಾಯೆ, 115. ಮಧ್ಯಾಹ್ನದ್ದು ಮಣ್ಣಿನ ಬಣ್ಣ, 190ರ ಹತ್ತಿರ. ಅದರಲ್ಲಿ ಪಿಎಂ 2.5ರ (2.5 ಮೈಕ್ರಾನ್ ಒಳಗಿನ ನುಣ್ಣನೆಯ ಕಣ) ಪಾಲು ನೋಡಿದರೆ ಬೆಳಗ್ಗೆ ಅರ್ಧಕ್ಕಿಂತ ಜಾಸ್ತಿ, ಮಧ್ಯಾಹ್ನ ಕಾಲು ಭಾಗವೂ ಇಲ್ಲ. ಬೆಳಗಿನದು ಹೊಗೆ, ಮಧ್ಯಾಹ್ನದ್ದು ಮಣ್ಣು. ಹೆದ್ದಾರಿಯಲ್ಲಿ ಲಾರಿಗಳು ರಾತ್ರಿಯಿಡೀ ಓಡುತ್ತವೆ, ಗಾಳಿಯೂ ಆ ತಿಂಗಳು ಹೆಚ್ಚಾಗಿ ಪೂರ್ವದಿಂದಲೇ, ಅಂದರೆ ಹೆದ್ದಾರಿ ಕಡೆಯಿಂದಲೇ. ಹಾಗಿದ್ದರೆ ರಾತ್ರಿಯ ಹಾಳೆ ಅಷ್ಟು ತಿಳಿಯಾಗಿರುವುದು ಹೇಗೆ?

ನನ್ನ ಅನುಮಾನ ಸೈಟಿಗೆ ಬರುವ ಮುನ್ನೂರೈವತ್ತು ಮೀಟರ್ ರಸ್ತೆಯ ಮೇಲಿತ್ತು. ಟಾರು ಕಿತ್ತು ಹೋಗಿ ಬರೀ ಕೆಮ್ಮಣ್ಣು. ಆ ಕಡೆಯ ಎಲ್ಲ ಲೇಔಟುಗಳಿಗೂ ಮಣ್ಣು, ಜಲ್ಲಿ ಟಿಪ್ಪರ್ ಅದರ ಮೇಲೇ ಹೋಗುತ್ತವೆ. ಗೆಳೆಯನೊಬ್ಬ "ಅನುಮಾನ ವರದಿಗೆ ಬರಲ್ಲ ಮಾರಾಯ" ಅಂದ. ನಿಜ.

ಪೊರಕೆ ತಗೊಂಡು ಹೊರಟೆ. ಒಂದು ಚದರ ಮೀಟರ್ ಚೌಕ ಎಳೆದು, ಗುಡಿಸಿ, ಬಂದದ್ದನ್ನು 75 ಮೈಕ್ರಾನ್ ಜರಡಿಯಲ್ಲಿ ಆಡಿಸಿದೆ. ಜರಡಿ ದಾಟಿದ ಹಿಟ್ಟಿನಂಥ ಮಣ್ಣು ಮೂವತ್ತು ಗ್ರಾಂ ಮೇಲೆ. ಡಾಂಬರು ಚೆನ್ನಾಗಿದ್ದ ಇನ್ನೊಂದು ರಸ್ತೆಯಲ್ಲಿ ನಾಲ್ಕೋ ಐದೋ ಗ್ರಾಂ. ನಾನು ರಸ್ತೆ ಗುಡಿಸುವುದನ್ನು ನೋಡಿ ಬೈಕಿನವನೊಬ್ಬ ನಿಲ್ಲಿಸಿ, "ಏನ್ ಸಾರ್, ಉಂಗುರ ಬಿತ್ತಾ?" ಅಂತ ಕೇಳಿದ.

ಈ ನಡುವೆ ಸೆನ್ಸರ್ ಹುಚ್ಚೂ ಹಿಡಿದಿತ್ತು. ಧೂಳು ಎಣಿಸುವ, ಮೂರೂವರೆ ಸಾವಿರದ ನಾಲ್ಕು ಪೆಟ್ಟಿಗೆ ಕೊಂಡು ಸೈಟಿನ ನಾಲ್ಕು ಮೂಲೆಗೆ ಕಟ್ಟಿದೆ. ಪಿಎಂ 10ಕ್ಕೆ ಅವನ್ನು ನಂಬಿದರೆ ಕೆಟ್ಟಿರಿ. ಸ್ಯಾಂಪ್ಲರ್ 190 ಅಂದ ಹೊತ್ತಿಗೆ ಅದು 80 ಅನ್ನುತ್ತದೆ, ದಪ್ಪ ಮಣ್ಣು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಂಜು ಬಿದ್ದ ಬೆಳಗ್ಗೆ ಇನ್ನೊಂದು ಕಥೆ, ನೀರಿನ ಹನಿಯನ್ನೇ ಧೂಳು ಅಂತ ಎಣಿಸುತ್ತದೆ. ಒಳಗೆ ಹೋಗುವ ಗಾಳಿಯನ್ನು ಒಣಗಿಸುವ ಒಂದು ಉಪಾಯ ಮಾಡಿಕೊಂಡೆ. ಹದಿನೈದು ರೂಪಾಯಿ ಸಾಮಾನು. ಅದೇನು ಅಂತ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನನಗೂ ಇದೆ ಅಲ್ವಾ. ವಾರಗಟ್ಟಲೆ ಸ್ಯಾಂಪ್ಲರ್ ಪಕ್ಕದಲ್ಲೇ ಇಟ್ಟು ಹೋಲಿಸಿ, ಪಿಎಂ 2.5 ಯಾವ ಹೊತ್ತಿಗೆ ಏರುತ್ತದೆ ಅನ್ನುವುದಕ್ಕೆ ಮಾತ್ರ ಬಳಸಿದೆ.

ಒಂದು ಭಾನುವಾರ ಸುಮ್ನೆ ಪೆಟ್ಟಿಗೆ ಜೇಬಿಗಿಳಿಸಿ ಮಂಡಕ್ಕಿ ಭಟ್ಟಿ ಕಡೆ ಹೋದೆ. ಭಟ್ಟಿ ಬಾಗಿಲಲ್ಲಿ ಅಂಕಿ 999ಕ್ಕೆ ಹೋಗಿ ಅಲ್ಲೇ ನಿಂತಿತು, ಮುಂದಕ್ಕೆ ಅದಕ್ಕೆ ಎಣಿಸಲು ಬರಲ್ಲ. ಒಳಗೆ ಕೆಲಸ ಮಾಡುವವರು ಮೂಗಿಗೆ ಟವೆಲ್ ಕೂಡ ಕಟ್ಟಿರಲಿಲ್ಲ. ಅಲ್ಲಿಂದ ಸೌದೆ ಒಲೆಯ ಬೆಣ್ಣೆ ದೋಸೆ ಹೋಟೆಲಿಗೆ ಹೋದೆ, ಕಾವಲಿ ಹತ್ತಿರದ ಟೇಬಲಿನಲ್ಲಿ ನಾನೂರು ಚಿಲ್ಲರೆ. ಎರಡು ದೋಸೆ ತಿಂದೇ ಎದ್ದೆ.

ಈಗ ಅಮಾವಾಸ್ಯೆ ವಿಷಯ. ನಮ್ಮ ಕಡೆ ಅಮಾವಾಸ್ಯೆ ದಿನ ಟಿಪ್ಪರಿನವರು ಗಾಡಿ ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ನಿಲ್ಲಿಸಿಬಿಡುತ್ತಾರೆ. ಒಕ್ಕಣೆ ಮಷಿನೂ ನಿಲ್ಲುತ್ತದೆ. ಹೆದ್ದಾರಿಗೆ ಮಾತ್ರ ಅಮಾವಾಸ್ಯೆ ಇಲ್ಲ. ಹೆದ್ದಾರಿಯೇ ಕಾರಣವಾಗಿದ್ದರೆ ಅವತ್ತೂ ಮಧ್ಯಾಹ್ನದ ಹಾಳೆ ಮಣ್ಣಿನ ಬಣ್ಣಕ್ಕೇ ತಿರುಗಬೇಕು. ಇದನ್ನು ಹೇಳಿದಾಗ ನಮ್ಮವರು ನಕ್ಕರು. "ಪಂಚಾಂಗ ನೋಡಿ ಗಾಳಿ ಅಳೀತಾನಂತೆ" ಅಂತ ಹೆಸರೂ ಬಿತ್ತು.

ಮೊದಲ ಅಮಾವಾಸ್ಯೆಗೆ ಆರು ಗಂಟೆ ಕರೆಂಟ್ ಇಲ್ಲ. ಜನರೇಟರ್ ಈ ಸಲ ಸರಿಯಾದ ಜಾಗದಲ್ಲಿತ್ತು, ಆದರೆ ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ತಿಂಗಳು ಕಾಯಬೇಕಾಯಿತು. ಸಾಹುಕಾರರು ಫೋನ್ ಎತ್ತುವುದನ್ನೇ ಬಿಟ್ಟರು. ಎರಡನೇ ಅಮಾವಾಸ್ಯೆಗೆ ಎರಡು ಜನರೇಟರ್ ಇಟ್ಟುಕೊಂಡು ಕೂತೆ. ಅವತ್ತು ಕರೆಂಟ್ ಒಂದು ನಿಮಿಷವೂ ಹೋಗಲಿಲ್ಲ, ಅದು ಬೇರೆ ಮಾತು. ಗಾಳಿ ಪೂರ್ವದಿಂದಲೇ ಬೀಸುತ್ತಿತ್ತು. ರಾತ್ರಿ ಎಂಟಕ್ಕೆ ಚೌಕಟ್ಟು ಬಿಚ್ಚಿದೆ. ಹಾಳೆ ರಾತ್ರಿಯ ಹಾಳೆಯಷ್ಟೇ ತಿಳಿ. ತೂಗಿದರೆ 95. ಹಿಂದಿನ ದಿನ 185, ಮಾರನೇ ದಿನ 200ರ ಹತ್ತಿರ.

ಈ ಅಂಕಿಯನ್ನು ನಾನು ಸರಾಸರಿಗೆ ಸೇರಿಸಲಿಲ್ಲ. ಸೇರಿಸಿದ್ದರೆ ಬೇಕಾದ ದಿನ ಆರಿಸಿಕೊಂಡ ಅನ್ನುತ್ತಿದ್ದರು. ವಾರಕ್ಕೆ ಎರಡು ದಿನದಂತೆ ತೆಗೆದ ಎಂಟು ದಿನಗಳ ಸರಾಸರಿ 125, ಅದನ್ನು ಹಾಗೆಯೇ ಒಪ್ಪಿಕೊಂಡು ಬರೆದೆ. ಅಮಾವಾಸ್ಯೆಯದ್ದು ಬೇರೆ ಅನುಬಂಧ. ಮೂರು ದಿನದ ಮೂರು ಹಾಳೆಗಳ ಬಣ್ಣದ ಫೋಟೋ ಅಕ್ಕಪಕ್ಕ ಅಂಟಿಸಿ, ಕೆಳಗೆ ಡೈರಿಯಲ್ಲಿ ಎಣಿಸಿದ ಟಿಪ್ಪರ್ ಸಂಖ್ಯೆ.

ಎಇಆರ್‌ಮಾಡ್‌ಗೆ (ಧೂಳು, ಹೊಗೆ ಗಾಳಿಯಲ್ಲಿ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಆ ರಸ್ತೆಯನ್ನೂ ಧೂಳಿನ ಒಂದು ಮೂಲವಾಗಿ ಹಾಕಿ ಓಡಿಸಿದೆ. ಕೆಲಸ ನಡೆಯುವಾಗ ನಮ್ಮ ಕಡೆಯಿಂದ ಸೇರುವುದು ಆರೇಳು ಮೈಕ್ರೋಗ್ರಾಂ. ಅಡಿಪಾಯ ತೋಡುವ ಮುಂಚೆಯೇ ರಸ್ತೆಗೆ ಕಾಂಕ್ರೀಟ್ ಹಾಕಿದರೆ ಇಳಿಯುವುದು ಮೂವತ್ತರ ಹತ್ತಿರ. "ನಿಮ್ಮ ಧೂಳನ್ನು ಎಲ್ಲಿ ಇಡ್ತೀರಿ" ಅನ್ನುವ ಪ್ರಶ್ನೆಗೆ ನನ್ನ ಉತ್ತರ ಅದೇ. ಉಳಿದದ್ದೆಲ್ಲ 2018ರ ಜನವರಿಯ ಧೂಳು ನಿಯಮದಲ್ಲಿ ಇರುವುದೇ: ಸುತ್ತ ತಡೆಗೋಡೆ, ಟಿಪ್ಪರ್‌ಗೆ ತಾಡಪಾಲು, ನೀರು ಚಿಮುಕಿಸುವುದು. ಟೈರ್ ತೊಳೆಯುವ ಗುಂಡಿ ಒಂದನ್ನು ನಾನು ಸೇರಿಸಿದೆ. ಈ ಸಲದ ಚರ್ಚೆ ಹತ್ತು ನಿಮಿಷವೂ ನಡೆಯಲಿಲ್ಲ. ಒಬ್ಬರು ಹಾಳೆಗಳ ಫೋಟೋ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು, ಅಷ್ಟೇ.

ರಸ್ತೆಗೆ ಇಪ್ಪತ್ತೈದು ಲಕ್ಷದ ಹತ್ತಿರ ಬಿತ್ತು. ಸಾಹುಕಾರರು ಹೌಹಾರಿದರು. "ಸಾಹುಕಾರ್ರೇ, ಮನೆ ಮಾರೋ ಹೊತ್ತಿಗೆ ಹೇಗಿದ್ರೂ ರಸ್ತೆ ಹಾಕಿಸ್ತಿದ್ರಿ. ಎರಡು ವರ್ಷ ಮುಂಚೆ ಹಾಕಿಸ್ತಿದೀರಿ, ಅಷ್ಟೇ ತಾನೇ?" ಅಂದೆ. ನನ್ನ ಹಳೇ ಬಾಕಿಯನ್ನೂ ಸೇರಿಸಿ ಚೆಕ್ ಬರೆದರು. ಎರಡನೇ ಸುತ್ತಿಗೆ ಸ್ಯಾಂಪ್ಲರ್ ಬಿಟ್ಟು ಒಂದೂಮುಕ್ಕಾಲು ಲಕ್ಷ ಆಗಿತ್ತು. ನನಗೆ ಉಳಿದದ್ದು ಹೇಳಿಕೊಳ್ಳುವಂಥದ್ದೇನಲ್ಲ.

ಕಾಂಕ್ರೀಟ್ ಒಣಗಿದ ಮೇಲೆ ಮತ್ತೆ ಪೊರಕೆ ಹಿಡಿದು ಹೋಗಿದ್ದೆ, ನಾಲ್ಕು ಗ್ರಾಂ. ಮುಂದಿನ ಸುಗ್ಗಿಗೆ ಇನ್ನೊಮ್ಮೆ ನೋಡೋಣ ಅಂತ ಹೋದರೆ ಗುಡಿಸಲು ಜಾಗವೇ ಇಲ್ಲ. ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಮೆಕ್ಕೆಜೋಳ ಹರವಿದ್ದಾರೆ, ಅಂಚಿಗೆ ಕಲ್ಲು ಜೋಡಿಸಿ. ವಾಚ್‌ಮನ್ ಅಜ್ಜ ಕಾಲಿನಿಂದ ಕಾಳು ಆಡಿಸುತ್ತ ನಿಂತಿದ್ದ. "ಇಂಥ ಕಣ ಸುತ್ತ ಹತ್ತೂರಲ್ಲಿ ಎಲ್ಲೈತಿ ಸಾರ್?" ಅಂದ. ಟಿಪ್ಪರುಗಳು ಕಾಳಿನ ಪಕ್ಕ ಮೆಲ್ಲಗೆ, ತೆವಳಿಕೊಂಡು ಹೋಗುತ್ತಿದ್ದವು. ಸೆನ್ಸರ್ ಪೆಟ್ಟಿಗೆ ಒಂದನ್ನು ಅಲ್ಲೇ ಕಂಬಕ್ಕೆ ಕಟ್ಟಿ ಬಂದಿದ್ದೇನೆ.