ಸೀಸನ್‌ಗೆ ಮುಂಚೆ ಅಫೆನ್ಸಿವ್ ಲೈನ್ ಅಳೆಯುವುದು ಹೇಗೆ?

ಆಗಸ್ಟ್ ಬಂತೆಂದರೆ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರೀ ಇದೇ ಮಾತು. ಯಾವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಯಾವ ರಿಸೀವರ್ (ಅದನ್ನು ಹಿಡಿಯುವವನು), ಫ್ಯಾಂಟಸಿ ಟೀಮಿಗೆ ಯಾರನ್ನು ತಗೊಳ್ಳೋದು. ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐದು ದಢೂತಿ ಆಟಗಾರರ, ಅಂದರೆ ಅಫೆನ್ಸಿವ್ ಲೈನ್‌ನವರ ಹೆಸರು ಕೇಳಿ ನೋಡಿ, ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದವರು ಯಾವುದೋ ವೆಬ್‌ಸೈಟಿನ ರ‍್ಯಾಂಕಿಂಗ್ ಪಟ್ಟಿ ಹಾಕಿ, ‘ನೋಡಿ, ನಮ್ಮ ಲೈನ್ ಮೊದಲ ಹತ್ತರಲ್ಲಿದೆ’ ಎನ್ನುತ್ತಾರೆ. ಅಕ್ಟೋಬರ್ ಹೊತ್ತಿಗೆ ಅವರ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದಿರುತ್ತಾನೆ.

ತಪ್ಪು ಆಗುವುದು ಒಂದೇ ಜಾಗದಲ್ಲಿ. ಜನ ಲೈನ್‌ನಲ್ಲಿರುವ ಸ್ಟಾರ್‌ಗಳನ್ನು ಎಣಿಸುತ್ತಾರೆ. ಎದುರಾಳಿ ಕೋಚ್ ಎಣಿಸುವುದು ಅವರನ್ನಲ್ಲ. ಐವರಲ್ಲಿ ಯಾರು ಎಲ್ಲರಿಗಿಂತ ದುರ್ಬಲ ಎಂದು ಹುಡುಕಿ, ತನ್ನ ಅತಿ ಒಳ್ಳೆಯ ಆಟಗಾರನನ್ನು ಅವನ ಎದುರಿಗೇ ನಿಲ್ಲಿಸುತ್ತಾನೆ. ಹಾಗಾಗಿ ನಾವೂ ಅವನನ್ನೇ ಹುಡುಕಬೇಕು.

ಉದಾಹರಣೆಗೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವನ್ನು ಇಟ್ಟುಕೊಳ್ಳೋಣ. ಪ್ಯಾಟ್ರಿಕ್ ಮಹೋಮ್ಸ್ ಅಂಥ ಕ್ವಾರ್ಟರ್‌ಬ್ಯಾಕ್ ಇದ್ದೂ ಎರಡು ಸೂಪರ್ ಬೌಲ್‌ಗಳಲ್ಲಿ (ಲೀಗ್‌ನ ಫೈನಲ್ ಪಂದ್ಯ) ಲೈನ್ ಕುಸಿದೇ ಈ ತಂಡ ಸೋತಿತು.

ಹಂತ 1: ಐದು ಹೆಸರು, ಜೊತೆಗೆ ಇನ್ನೂ ಮೂರು

ಕಾಗದ ತಗೊಳ್ಳಿ. ಎಡದಿಂದ ಬಲಕ್ಕೆ ಬರೆಯಿರಿ: ಲೆಫ್ಟ್ ಟ್ಯಾಕಲ್, ಲೆಫ್ಟ್ ಗಾರ್ಡ್, ಸೆಂಟರ್, ರೈಟ್ ಗಾರ್ಡ್, ರೈಟ್ ಟ್ಯಾಕಲ್. ಪ್ರತಿ ಹೆಸರಿನ ಪಕ್ಕ ವಯಸ್ಸು, ಕಳೆದ ವರ್ಷ ಎಷ್ಟು ಪಂದ್ಯ ಆಡಿದ, ಯಾವ ಜಾಗದಲ್ಲಿ ಆಡಿದ. ಐದು ನಿಮಿಷದ ಕೆಲಸ.

ಅಲ್ಲಿಗೇ ನಿಲ್ಲಿಸಬೇಡಿ. ಕೆಳಗೆ ಮೂವರು ಬದಲಿ ಆಟಗಾರರನ್ನೂ ಬರೆಯಿರಿ. ಪಂದ್ಯದ ದಿನ ಒಂದು ತಂಡ 48 ಜನರನ್ನು ಸಜ್ಜು ಮಾಡಬೇಕೆಂದರೆ ಅದರಲ್ಲಿ ಕನಿಷ್ಠ 8 ಮಂದಿ ಅಫೆನ್ಸಿವ್ ಲೈನ್‌ನವರಿರಲೇಬೇಕು. ಇಲ್ಲದಿದ್ದರೆ 47ಕ್ಕೇ ತೃಪ್ತಿಪಡಬೇಕು. ಅಂದರೆ ಲೀಗ್‌ನ ಲೆಕ್ಕದಲ್ಲೇ ಲೈನ್ ಎಂದರೆ ಎಂಟು ಜನ. 17 ಪಂದ್ಯಗಳ ಸೀಸನ್‌ನಲ್ಲಿ ಐವರೂ ಒಂದೇ ಒಂದು ಪಂದ್ಯ ತಪ್ಪಿಸದೆ ಆಡುವುದು ಅಪರೂಪ. ಆರನೆಯವನ ಹೆಸರು ಗೊತ್ತಿಲ್ಲದವನು ಲೈನ್ ಬಗ್ಗೆ ಮಾತಾಡಬಾರದು ಅನ್ನೋದು ನನ್ನ ಪಾಲಿಸಿ.

2020ರ ಸೀಸನ್‌ನ ಚೀಫ್ಸ್ ನೋಡಿ. ರೈಟ್ ಟ್ಯಾಕಲ್ ಮಿಚೆಲ್ ಶ್ವಾರ್ಟ್ಸ್ ಬೆನ್ನುನೋವಿನಿಂದ ಸೀಸನ್ ಮಧ್ಯದಲ್ಲೇ ಹೊರಬಿದ್ದ. ಲೆಫ್ಟ್ ಟ್ಯಾಕಲ್ ಎರಿಕ್ ಫಿಶರ್ ಸೂಪರ್ ಬೌಲ್‌ಗೆ ಒಂದು ಪಂದ್ಯ ಇರುವಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡ. ಆಗ ಬಲಗಡೆ ಆಡುತ್ತಿದ್ದ ಮೈಕ್ ರೆಮ್ಮರ್ಸ್ ಎಡಕ್ಕೆ ಬಂದ, ಗಾರ್ಡ್ ಆಂಡ್ರ್ಯೂ ವೈಲಿ ಬಲ ಟ್ಯಾಕಲ್‌ಗೆ ಹೋದ. 2021ರ ಫೆಬ್ರವರಿ 7ರಂದು ಟ್ಯಾಂಪಾ ಬೇ ವಿರುದ್ಧ 31-9ರ ಸೋಲು.

ಹಂತ 2: ಯಾರು ಹೊಸ ಜಾಗದಲ್ಲಿ ನಿಂತಿದ್ದಾನೆ?

ತಂಡಕ್ಕೆ ಹೊಸಬರನ್ನು ಎಲ್ಲರೂ ಗುರುತು ಮಾಡುತ್ತಾರೆ. ಹಳೇ ತಂಡದಲ್ಲೇ ಹೊಸ ಜಾಗಕ್ಕೆ ಹೋದವನನ್ನು ಯಾರೂ ಗಮನಿಸುವುದಿಲ್ಲ. ಎಡದಿಂದ ಬಲಕ್ಕೆ ಹೋದವನಿಗೆ ಮುಂದಿಡುವ ಕಾಲು, ಮೊದಲು ಎತ್ತುವ ಕೈ, ತಿರುಗುವ ಸೊಂಟ ಎಲ್ಲ ಉಲ್ಟಾ. ಪೆನೈ ಸ್ಯೂಲ್ ಒರೆಗಾನ್ ಕಾಲೇಜಿನಲ್ಲಿ ಎಡಗಡೆ ಆಡಿದವನು. 2021ರಲ್ಲಿ ಡೆಟ್ರಾಯಿಟ್ ಲಯನ್ಸ್ ಅವನನ್ನು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) 7ನೇ ಆಯ್ಕೆಯಾಗಿ ತಗೊಂಡು ಬಲಗಡೆ ನಿಲ್ಲಿಸಿದಾಗ ಪ್ರಿಸೀಸನ್‌ನಲ್ಲಿ (ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ) ಒದ್ದಾಡಿದ. ಆಮೇಲೆ ಲೀಗ್‌ನ ಅತ್ಯುತ್ತಮ ರೈಟ್ ಟ್ಯಾಕಲ್‌ಗಳಲ್ಲಿ ಒಬ್ಬನಾದ, ಸರಿ. ಆದರೆ ಅದಕ್ಕೆ ಸಮಯ ಹಿಡಿಯಿತು. ಜಾಗ ಬದಲಾದವನ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅವನು ಎಷ್ಟೇ ದೊಡ್ಡ ಹೆಸರಾಗಿರಲಿ.

ಹೊಸಬರಿದ್ದರೆ ಲೈನ್ ಕೆಟ್ಟದ್ದು ಅಂತಲೂ ಅಲ್ಲ. ಆ ಸೂಪರ್ ಬೌಲ್ ಸೋತ ಮೇಲೆ ಚೀಫ್ಸ್ ಐವರನ್ನೂ ಬದಲಿಸಿತು. ಗಾರ್ಡ್ ಜೋ ಥೂನಿಗೆ ದುಡ್ಡು ಸುರಿದರು, ಟ್ಯಾಕಲ್ ಒರ‍್ಲ್ಯಾಂಡೊ ಬ್ರೌನ್‌ನನ್ನು ಟ್ರೇಡ್‌ನಲ್ಲಿ ತಂದರು, ಸೆಂಟರ್ ಕ್ರೀಡ್ ಹಂಫ್ರಿಯನ್ನು ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ಗಾರ್ಡ್ ಟ್ರೇ ಸ್ಮಿತ್‌ನನ್ನು ಆರನೇ ಸುತ್ತಿನಲ್ಲಿ ಆರಿಸಿದರು. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದದ್ದು ಆ ಸೀಸನ್‌ನಲ್ಲಿ 70 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದ ಫಿಲಡೆಲ್ಫಿಯಾ ಈಗಲ್ಸ್. ಅವರಿಗೆ ಒಂದೂ ಸ್ಯಾಕ್ ಸಿಗಲಿಲ್ಲ.

ಹಂತ 3: ಅಂಕಿ-ಅಂಶ, ಸ್ವಲ್ಪ ಮಾತ್ರ

ಸ್ಯಾಕ್ ಎಣಿಸಿ ಲೈನ್ ಅಳೆಯಬೇಡಿ. 31-9ರ ಆ ಪಂದ್ಯದಲ್ಲಿ ಮಹೋಮ್ಸ್ ಆದದ್ದು ಬರೀ 3 ಸ್ಯಾಕ್. ಆದರೆ ಪಾಸ್ ಎಸೆಯಲೆಂದು ಹಿಂದೆ ಸರಿದ 56 ಸಲದಲ್ಲಿ 29 ಸಲ ಅವನ ಮೇಲೆ ಒತ್ತಡ ಬಿದ್ದಿತ್ತು. ಓಡಿ ಓಡಿ ತಪ್ಪಿಸಿಕೊಂಡ, ಅಷ್ಟೇ. ಇದರ ಉಲ್ಟಾ ಕೂಡ ಇದೆ. 2024ರಲ್ಲಿ ಶಿಕಾಗೊ ಬೇರ್ಸ್‌ನ ಕ್ಯಾಲೆಬ್ ವಿಲಿಯಮ್ಸ್ 68 ಸಲ ಸ್ಯಾಕ್ ಆದ. ಲೈನ್ ಕೆಟ್ಟದ್ದೇ ಇತ್ತು. ಆದರೆ ಅವನೂ ಚೆಂಡನ್ನು ಬಿಡದೆ ಹಿಡಿದುಕೊಂಡು ನಿಲ್ಲುತ್ತಿದ್ದ. ಎರಡನ್ನೂ ಬೇರೆ ಮಾಡದಿದ್ದರೆ ಲೆಕ್ಕ ತಪ್ಪುತ್ತದೆ.

ನೋಡಲೇಬೇಕಾದರೆ ಎರಡು ಅಂಕಿ ನೋಡಿ. ಒಂದು, ಒತ್ತಡ ಬಿದ್ದ ಪ್ರಮಾಣ. ಇನ್ನೊಂದು, ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನ ಪಾಸ್ ಬ್ಲಾಕ್ ವಿನ್ ರೇಟ್. ಎದುರಾಳಿಯನ್ನು 2.5 ಸೆಕೆಂಡ್ ತಡೆದು ನಿಲ್ಲಿಸಿದರೆ ಅದರಲ್ಲಿ ಗೆದ್ದಂತೆ. ಪ್ರೊ ಫುಟ್‌ಬಾಲ್ ಫೋಕಸ್ ವೆಬ್‌ಸೈಟ್ ಆಟಗಾರರಿಗೆ ಕೊಡುವ ಮಾರ್ಕ್ಸ್ ಕೂಡ ಕೆಲಸಕ್ಕೆ ಬರುತ್ತದೆ. ಆದರೆ ಯಾರು ಯಾರನ್ನು ತಡೆಯಬೇಕಿತ್ತು ಅನ್ನುವುದನ್ನು ಅವರೂ ಹೊರಗಿನಿಂದ ಊಹಿಸಬೇಕು. ತಂಡದ ಮೀಟಿಂಗ್‌ನಲ್ಲಿ ಅವರು ಕೂತಿರುವುದಿಲ್ಲ.

ಮೇ ತಿಂಗಳಲ್ಲಿ ಬರುವ ‘ಲೈನ್ ರ‍್ಯಾಂಕಿಂಗ್’ಗಳನ್ನು ಓದಿ ಮರೆತುಬಿಡಿ. ದುಡ್ಡು ಕೊಟ್ಟು ಕೊಳ್ಳುವ ಫ್ಯಾಂಟಸಿ ‘ಡ್ರಾಫ್ಟ್ ಕಿಟ್’ಗಳಂತೂ ಬೇಡವೇ ಬೇಡ. ಅವುಗಳಲ್ಲಿ ಲೈನ್‌ಗೆ ಸಿಗುವುದು ಒಂದು ಬಣ್ಣದ ಚುಕ್ಕೆ. ಹಸಿರು, ಹಳದಿ, ಕೆಂಪು. ಮುಗೀತು.

ಹಂತ 4: ಟೇಪ್ (ಪಂದ್ಯದ ವಿಡಿಯೊ) ನೋಡುವುದು

ಜನ ಬಿಟ್ಟುಬಿಡುವ ಹಂತ ಇದು. ಮಾಡಿದವರೂ ತಪ್ಪಾಗಿ ಮಾಡುತ್ತಾರೆ. ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲನೆಯದಾಗಿ, ಯೂಟ್ಯೂಬ್ ಹೈಲೈಟ್ಸ್ ಬೇಡ. ಅಲ್ಲಿರುವುದೆಲ್ಲ ಗೆದ್ದ ಆಟ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಪಕ್ಕದಿಂದ ನೋಡಿದರೆ ಐವರೂ ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ. ನಿಮಗೆ ಬೇಕಾದದ್ದು ‘ಆಲ್-22’, ಅಂದರೆ ಕೋಚ್‌ಗಳು ನೋಡುವ ವಿಡಿಯೊ. ಅದರಲ್ಲೂ ಎಂಡ್ ಝೋನ್ (ಮೈದಾನದ ತುದಿ) ಕಡೆಯಿಂದ, ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನ ಎತ್ತರದಿಂದ ತೆಗೆದದ್ದು. ಅಲ್ಲಿ ಐವರ ನಡುವಿನ ಸಂದು ಸಂದೂ ಕಾಣುತ್ತದೆ. ಅದು ಸಿಗದಿದ್ದರೆ ಟಿವಿ ಪ್ರಸಾರದ ರಿಪ್ಲೇಗಳಲ್ಲೇ ಆ ಕೋನ ಹುಡುಕಿ, ನಡೆಯುತ್ತದೆ.

ಎಲ್ಲ ಆಟ ನೋಡುವುದು ಬೇಡ. ಮೂರನೇ ಡೌನ್ (10 ಗಜ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), 7 ಗಜಕ್ಕಿಂತ ಜಾಸ್ತಿ ಬೇಕಾದ ಸಂದರ್ಭಗಳನ್ನು ಮಾತ್ರ ಆರಿಸಿ. ಆಗ ಪಾಸ್ ಬರುತ್ತದೆ ಎಂದು ಇಡೀ ಸ್ಟೇಡಿಯಂಗೆ ಗೊತ್ತಿರುತ್ತದೆ. ಮುಚ್ಚಿಡಲು ಏನೂ ಇರುವುದಿಲ್ಲ. ಸ್ಕ್ರೀನ್ ಪಾಸ್ (ಎದುರಾಳಿಗಳನ್ನು ಬೇಕೆಂದೇ ಒಳಗೆ ಬಿಟ್ಟು ಹತ್ತಿರದವನಿಗೆ ಎಸೆಯುವುದು), ಪ್ಲೇ ಆ್ಯಕ್ಷನ್ (ಓಟದ ನಾಟಕ ಮಾಡಿ ಎಸೆಯುವುದು), ಒಂದೇ ಸೆಕೆಂಡಿನಲ್ಲಿ ಎಸೆಯುವ ಚುಟುಕು ಪಾಸ್‌ಗಳಲ್ಲಿ ಎಂಥ ಲೈನ್ ಕೂಡ ಚೆನ್ನಾಗಿ ಕಾಣುತ್ತದೆ.

ಈಗ ಒಬ್ಬನನ್ನೇ ನೋಡಿ. ಸ್ನ್ಯಾಪ್ ಆದಾಗಿನಿಂದ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಿಂದ) ಸೀಟಿ ಊದುವವರೆಗೆ ಅವನೊಬ್ಬನೇ. ಚೆಂಡು ಎಲ್ಲಿಗೆ ಹೋಯಿತು ಅಂತ ನೋಡಿದಿರೋ, ಆ ಆಟ ವೇಸ್ಟ್. ಮತ್ತೆ ಹಿಂದಕ್ಕೆ ಹೋಗಿ.

ಟ್ಯಾಕಲ್ ಆದರೆ ಮೊದಲು ಕಾಲು ನೋಡಿ. ಹೊರಗಿನ ಕಾಲನ್ನು ಹಿಂದಕ್ಕೆ ಜಾರಿಸಿ, ಒಳಗಿನ ಕಾಲನ್ನು ಎಳೆದುಕೊಂಡು ಸರಿಯುತ್ತಾನೆ. ಇದಕ್ಕೆ ಕಿಕ್ ಸ್ಲೈಡ್ ಅಂತಾರೆ. ಎರಡೂ ಪಾದ ತಾಗುವಷ್ಟು ಹತ್ತಿರ ಬಂದ ಗಳಿಗೆಯಲ್ಲಿ ಅವನನ್ನು ಯಾರು ಬೇಕಾದರೂ ತಳ್ಳಬಹುದು. ಆಮೇಲೆ ಸೊಂಟ. ಹೊರಗಿನಿಂದ ಬರುವವನ ವೇಗಕ್ಕೆ ಹೆದರಿ ಸೊಂಟವನ್ನು ಬೇಗನೆ ಪಕ್ಕಕ್ಕೆ ತಿರುಗಿಸಿಬಿಟ್ಟರೆ ಒಳಗಿನ ಬಾಗಿಲು ತೆರೆದಂತೆ. ಒಳ್ಳೆಯ ರಶ್ಶರ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಹೊರಗೆ ಎರಡು ಹೆಜ್ಜೆ ಇಟ್ಟು ಒಳಗೆ ನುಗ್ಗುತ್ತಾನೆ. ಕೈ ಎದುರಾಳಿಯ ಎದೆ ಮೇಲೆ ಬಿದ್ದರೆ ಸರಿ. ಭುಜದ ಹೊರಗೆ ಬಿದ್ದು ಜರ್ಸಿ ಹಿಡಿದರೆ ಹೋಲ್ಡಿಂಗ್ ಫೌಲ್, ತಂಡ 10 ಗಜ ಹಿಂದಕ್ಕೆ. ಗಾರ್ಡ್ ಮತ್ತು ಸೆಂಟರ್‌ಗಳಲ್ಲಿ ಇಷ್ಟು ಸಾಕು: ಎದುರಾಳಿ ನೇರ ಎದೆಗೆ ಗುದ್ದಿದಾಗ ಎಷ್ಟು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾನೆ? ಒಂದೆರಡು ಹೆಜ್ಜೆಯಾದರೆ ಪಾಸು. ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೇ ಹೋಗಿ ಬಿದ್ದರೆ ಫೇಲು.

ಇಷ್ಟರವರೆಗೆ ಸುಲಭ. ಕಷ್ಟ ಇರುವುದು ತಪ್ಪು ಯಾರದ್ದು ಎಂದು ಹೇಳುವುದರಲ್ಲಿ.

ಡಿಫೆನ್ಸ್ ಆಡುವ ಒಂದು ಆಟ ಇದೆ, ಸ್ಟಂಟ್ ಅಂತ. ಒಳಗಿರುವವನು ಹೊರಕ್ಕೆ ನುಗ್ಗಿ ನಮ್ಮ ಟ್ಯಾಕಲ್‌ಗೆ ಡಿಕ್ಕಿ ಹೊಡೆಯುತ್ತಾನೆ. ಹೊರಗಿದ್ದವನು ಅವನ ಬೆನ್ನ ಹಿಂದೆ ಸುತ್ತಿ ಒಳಗೆ ಬರುತ್ತಾನೆ. ಆಗ ಗಾರ್ಡ್ ತನ್ನ ಎದುರಾಳಿಯನ್ನು ಟ್ಯಾಕಲ್‌ಗೆ ಒಪ್ಪಿಸಿ, ಸುತ್ತಿ ಬರುವವನಿಗಾಗಿ ಕಾಯಬೇಕು. ಗಾರ್ಡ್ ತನ್ನವನ ಬೆನ್ನಟ್ಟಿ ಹೋದನೋ, ಸುತ್ತಿ ಬಂದವನಿಗೆ ರಾಜಮಾರ್ಗ. ಕಬಡ್ಡಿಯಲ್ಲಿ ಕೈ ಕೈ ಹಿಡಿದು ನಿಂತವರಲ್ಲಿ ಒಬ್ಬ ಅವಸರ ಮಾಡಿ ಚೈನ್ ಬಿಟ್ಟರೆ ಏನಾಗುತ್ತದೋ ಅದೇ. ಟಿವಿಯಲ್ಲಿ ಮಾತ್ರ ಸ್ಯಾಕ್ ಆದಾಗ ಪಕ್ಕದಲ್ಲಿ ಯಾರು ನಿಂತಿದ್ದಾನೋ ಅವನ ಮುಖ ತೋರಿಸುತ್ತಾರೆ. ಪಾಪ, ಅವನು ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತಾನೆ.

ಹಾಗಾಗಿ ಸ್ಯಾಕ್ ಆದ ಪ್ರತಿ ಆಟದಲ್ಲೂ ಮೂರು ಪ್ರಶ್ನೆ ಕೇಳಿ. ಐವರಲ್ಲಿ ಯಾರ ಕೈ ಖಾಲಿ ಇತ್ತು? ಖಾಲಿ ಇದ್ದವನು ತಲೆ ತಿರುಗಿಸಿ ಕೆಲಸ ಹುಡುಕಿದನೋ, ಸುಮ್ನೆ ನಿಂತನೋ? ಟೈಟ್ ಎಂಡ್ (ಲೈನ್‌ನ ತುದಿಯಲ್ಲಿ ನಿಲ್ಲುವವನು) ಅಥವಾ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಯಾವ ಕಡೆ ಸಹಾಯಕ್ಕೆ ಹೋದ? ಕೊನೆಯ ಪ್ರಶ್ನೆ ಬಹಳ ಹೇಳುತ್ತದೆ. ಕೋಚ್ ಪದೇ ಪದೇ ಸಹಾಯ ಕಳಿಸುವ ಕಡೆಯೇ ದುರ್ಬಲ ಜಾಗ. ಆ ಟ್ಯಾಕಲ್‌ನ ಅಂಕಿಗಳು ಎಷ್ಟೇ ಚೆನ್ನಾಗಿರಲಿ, ಅದು ಇಬ್ಬರು ಸೇರಿ ಗಳಿಸಿದ ಮಾರ್ಕ್ಸು. ಸೆಂಟರ್ ಪ್ರತಿ ಸಲ ಯಾವ ಕಡೆಗೆ ವಾಲುತ್ತಾನೆ ಅಂತಲೂ ನೋಡಿ, ಅದೂ ಅದೇ ಸುಳಿವು.

ಫೋನಿನ ಸ್ಟಾಪ್‌ವಾಚ್ ಪಕ್ಕದಲ್ಲಿರಲಿ. 3 ಸೆಕೆಂಡ್ ದಾಟಿದ ಮೇಲೂ ಚೆಂಡು ಕೈಯಲ್ಲೇ ಇದ್ದರೆ ಆ ಸ್ಯಾಕನ್ನು ನಾನು ಲೈನ್‌ನ ಲೆಕ್ಕಕ್ಕೆ ಬರೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಖಾತೆಗೆ.

ರನ್ ಬ್ಲಾಕಿಂಗ್, ಅಂದರೆ ಓಡುವವನಿಗೆ ದಾರಿ ಮಾಡುವುದು? ಇಬ್ಬರು ಸೇರಿ ಒಬ್ಬನನ್ನು ತಳ್ಳುವಾಗ ಅವನು ಹಿಂದೆ ಹೋದನೇ, ಆಮೇಲೆ ಅವರಲ್ಲೊಬ್ಬ ಬಿಡಿಸಿಕೊಂಡು ಎದುರಾಳಿಯ ಎರಡನೇ ಸಾಲಿನಲ್ಲಿರುವ ಲೈನ್‌ಬ್ಯಾಕರ್ ತನಕ ತಲುಪಿದನೇ ಅಂತ ನೋಡಿ. ಸಾಕು.

ಹಂತ 5: ತರಬೇತಿ ಕ್ಯಾಂಪ್ ಸುದ್ದಿ ಸೋಸುವುದು

‘ಹೊಸ ಹುಡುಗ ಪ್ರಾಕ್ಟೀಸ್‌ನಲ್ಲಿ ಸತತ ಸೋತ’ ಎಂಬ ಸುದ್ದಿಗೆ ಗಾಬರಿಯಾಗಬೇಡಿ. ಒಬ್ಬರಿಗೊಬ್ಬರು ಎದುರಾಗುವ ಆ ಡ್ರಿಲ್‌ನಲ್ಲಿ ಪಕ್ಕದ ಸಹಾಯ ಇರುವುದಿಲ್ಲ, ನುಗ್ಗುವವನಿಗೆ ಮೈದಾನವೆಲ್ಲ ಖಾಲಿ. ಅಲ್ಲಿ ಡಿಫೆನ್ಸ್ ಗೆಲ್ಲುವುದೇ ಸಹಜ. ಕೋಚ್ ಮೈಕ್ ಮುಂದೆ ಹೇಳುವ ‘ನಮಗೆ ಅವನ ಮೇಲೆ ಪೂರ್ತಿ ಭರವಸೆ ಇದೆ’ ಎಂಬ ಮಾತಿಗೂ ಬೆಲೆ ಕೊಡಬೇಡಿ.

ಬೆಲೆ ಕೊಡಬೇಕಾದದ್ದು ಇದಕ್ಕೆ: ಆಗಸ್ಟ್ ಮಧ್ಯದಲ್ಲೂ ಒಂದು ಜಾಗಕ್ಕೆ ‘ಪೈಪೋಟಿ ನಡೆಯುತ್ತಿದೆ’ ಎಂದರೆ ಇಬ್ಬರಲ್ಲಿ ಯಾರೂ ಗೆದ್ದಿಲ್ಲ ಎಂದರ್ಥ. 2024ರಲ್ಲಿ ಚೀಫ್ಸ್‌ನ ಲೆಫ್ಟ್ ಟ್ಯಾಕಲ್ ಜಾಗಕ್ಕೆ ಹೊಸಬ ಕಿಂಗ್ಸ್‌ಲಿ ಸುವಮಟಾಯಿಯಾ ಮತ್ತು ವಾನ್ಯಾ ಮಾರಿಸ್ ಕ್ಯಾಂಪಿನುದ್ದಕ್ಕೂ ಪೈಪೋಟಿ ನಡೆಸಿದರು. ಎರಡನೇ ವಾರವೇ ಸಿನ್ಸಿನಾಟಿಯ ಟ್ರೇ ಹೆಂಡ್ರಿಕ್ಸನ್ ಎದುರು ಹೊಸ ಹುಡುಗ ಒದ್ದಾಡಿ ಬೆಂಚಿಗೆ ಹೋದ. ಸೀಸನ್ ಮುಗಿಯುವ ಹೊತ್ತಿಗೆ ಗಾರ್ಡ್ ಥೂನಿಯನ್ನೇ ಟ್ಯಾಕಲ್‌ಗೆ ನಿಲ್ಲಿಸಬೇಕಾಯಿತು. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗ ದುರ್ಬಲ. 15-2 ದಾಖಲೆಯ ತಂಡ ಅದು, ಯಾರಿಗೂ ಚಿಂತೆ ಇರಲಿಲ್ಲ. 2025ರ ಫೆಬ್ರವರಿ 9ರಂದು ಈಗಲ್ಸ್ ಹೆಚ್ಚುವರಿ ಆಳನ್ನು ಕಳಿಸದೆ, ಬರೀ ಮುಂದಿನ ನಾಲ್ವರಿಂದಲೇ ಮಹೋಮ್ಸ್‌ನನ್ನು 6 ಸಲ ಸ್ಯಾಕ್ ಮಾಡಿ 40-22ರಿಂದ ಗೆದ್ದಿತು. ಸೀಸನ್ ಕೊನೆಗೆ ಬಯಲಾದ ಆ ಪ್ರಶ್ನೆ ಆಗಸ್ಟ್‌ನಲ್ಲೇ ಕಾಣುತ್ತಿತ್ತು, ಅಲ್ವಾ?

ಪ್ರಿಸೀಸನ್‌ನ ಮೂರು ಪಂದ್ಯಗಳಲ್ಲಿ ಮುಖ್ಯ ಆಟಗಾರರು ಹೆಚ್ಚು ಆಡುವುದಿಲ್ಲ. ಬೇಸರ ಬೇಡ, ಅಲ್ಲಿ ನಾವು ನೋಡಬೇಕಾದ್ದು ಆರನೆಯವನನ್ನು, ಏಳನೆಯವನನ್ನು. ಆಗಸ್ಟ್ ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯುತ್ತದೆ. ಆ ವಾರ ನಿಮ್ಮ ತಂಡ ಹೊರಗಿನಿಂದ ಟ್ಯಾಕಲ್ ಒಬ್ಬನನ್ನು ಅವಸರದಲ್ಲಿ ತಂದರೆ, ಇದ್ದವರ ಮೇಲೆ ನಂಬಿಕೆ ಇಲ್ಲ ಅಂತ ಅವರೇ ಒಪ್ಪಿಕೊಂಡಂತೆ.

ಹಂತ 6: ಲೈನ್ ಕೋಚ್ ಯಾರು?

ಹೆಡ್ ಕೋಚ್ ಅಲ್ಲ, ಲೈನ್ ಕೋಚ್. ಫಿಲಡೆಲ್ಫಿಯಾಕ್ಕೆ 2013ರಲ್ಲಿ ಬಂದ ಜೆಫ್ ಸ್ಟೌಟ್‌ಲ್ಯಾಂಡ್, ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದ ಜೋರ್ಡನ್ ಮೈಲಾಟಾನನ್ನು ಲೆಫ್ಟ್ ಟ್ಯಾಕಲ್ ಮಾಡಿದ. ಏಳನೇ ಸುತ್ತಿನ ಆಯ್ಕೆ ಅದು. ಅಂಥ ಕೋಚ್ ಇದ್ದರೆ ಒಂದು ಪ್ರಶ್ನೆ ಚಿಹ್ನೆ ಅಳಿಸಿ. ಕೋಚ್ ಈ ವರ್ಷವೇ ಬದಲಾಗಿದ್ದರೆ ಒಂದು ಸೇರಿಸಿ.

ಹಂತ 7: ಮಾರ್ಕ್ಸ್ ಹಾಕುವುದು

ಐವರಿಗೂ ಹತ್ತಕ್ಕೆ ಇಷ್ಟು ಅಂತ ಹಾಕಿ. ಆದರೆ ಸರಾಸರಿ ತೆಗೆಯಬೇಡಿ. ನಾಲ್ವರಿಗೆ 8, ಒಬ್ಬನಿಗೆ 3 ಸಿಕ್ಕಿದರೆ ಸರಾಸರಿ 7 ಬರುತ್ತದೆ. ಪಾಸ್ ಆಡುವಾಗ ಅದು 7ರ ಲೈನ್ ಅಲ್ಲ, 3ರ ಲೈನ್. ಅತಿ ಕಡಿಮೆ ಅಂಕವನ್ನೇ ಮೇಲೆ ದೊಡ್ಡದಾಗಿ ಬರೆಯಿರಿ. ಪಕ್ಕದಲ್ಲಿ ಆರನೆಯವನ ಅಂಕ.

ಆಮೇಲೆ ವೇಳಾಪಟ್ಟಿ ತೆಗೆದು ಮೊದಲ ನಾಲ್ಕು ಪಂದ್ಯಗಳಲ್ಲಿ ಆ ದುರ್ಬಲ ಜಾಗದ ಎದುರು ಯಾರು ನಿಲ್ಲುತ್ತಾರೆ ನೋಡಿ. ಮೈಲ್ಸ್ ಗ್ಯಾರೆಟ್ ಥರದ ಘಟಾನುಘಟಿ ರಶ್ಶರ್ ಇದ್ದರೆ ಆ ವಾರ ನಿಮ್ಮ ಫ್ಯಾಂಟಸಿ ಟೀಮಿನಲ್ಲಿ ಬೇರೆ ಕ್ವಾರ್ಟರ್‌ಬ್ಯಾಕ್ ಇರಲಿ.

ಸೆಪ್ಟೆಂಬರ್‌ನಲ್ಲಿ ಭಾನುವಾರದ ಮೊದಲ ಪಂದ್ಯಗಳು ನಮಗೆ ರಾತ್ರಿ 10:30ಕ್ಕೆ ಶುರು. ಮೊದಲ ವಾರ ಲೈನ್ ಕುಸಿಯಿತು ಅಂತ ಮಧ್ಯರಾತ್ರಿ ಗುಂಪಿನಲ್ಲಿ ಜಗಳ ತೆಗೆಯಬೇಡಿ, ಕೊಟ್ಟ ಅಂಕವನ್ನೂ ತಿದ್ದಬೇಡಿ. ಹೊಸ ಲೈನ್ ಹೊಂದಿಕೊಳ್ಳಲು ಕೆಲವು ವಾರ ಬೇಕು. ನಾಲ್ಕನೇ ಪಂದ್ಯ ಮುಗಿದ ಮೇಲೆ ಮತ್ತೆ ಟೇಪ್ ಹಾಕಿ, ಆ ಮೂರನೇ ಡೌನ್‌ಗಳನ್ನು ಮಾತ್ರ ನೋಡಿ, ಆಗ ತಿದ್ದಿ.