ಘಾನಾದ ಬೈಗೆ ಅಳೆದ ಎರಡು ವರ್ಷ

ಘಾನಾದಲ್ಲಿ ಮೀನಿನ ಉದ್ದ ಅಳೆದ ಮೊದಲ ಮೂರು ತಿಂಗಳ ಲೆಕ್ಕವನ್ನೆಲ್ಲ ಒಟ್ಟು ಮಾಡಿ ಗ್ರಾಫ್ ಹಾಕಿದಾಗ ಎರಡು ಗುಡ್ಡ ಎದ್ದಿದ್ದವು. ಒಂದು 17 ಸೆಂಟಿಮೀಟರ್ ಹತ್ತಿರ, ಇನ್ನೊಂದು 20ರ ಹತ್ತಿರ. ನನಗೆ ಖುಷಿಯೋ ಖುಷಿ. ಎರಡು ಗುಡ್ಡ ಅಂದರೆ ಎರಡು ವಯಸ್ಸಿನ ಗುಂಪು, ಅಂದರೆ ವರ್ಷಕ್ಕೆ ಎರಡು ಸಲ ಮರಿ ಬಂದಿವೆ, ಅಲ್ಲಿ ಕಡಲು ತಣ್ಣಗಾಗುವುದೂ ವರ್ಷಕ್ಕೆ ಎರಡು ಸಲ, ಲೆಕ್ಕ ಸರಿಹೋಯಿತಲ್ಲ ಅಂತ ಒಂದೇ ರಾತ್ರಿ ಕೂತು ಅರ್ಧ ಪೇಪರ್ ಬರೆದುಬಿಟ್ಟೆ.

ಆಮೇಲೆ ಗೊತ್ತಾಯಿತು, ವಯಸ್ಸೂ ಅಲ್ಲ ಮಣ್ಣೂ ಅಲ್ಲ. ನಾನು ಮೀನನ್ನು ಬಾಲದ ಕವಲಿನ ತನಕ ಅಳೆಯುತ್ತಿದ್ದೆ. ನನ್ನ ಜೊತೆಗಿದ್ದ ಹುಡುಗ ಬಾಲದ ತುದಿ ತನಕ ಅಳೆಯುತ್ತಿದ್ದ. ಅವನದು ತಪ್ಪಲ್ಲ, ಯಾವುದನ್ನು ಅಳೆಯಬೇಕು ಅಂತ ನಾನು ಹೇಳಿಯೇ ಇರಲಿಲ್ಲ. ಒಂದು ದಿನ ನನ್ನ ಅಳತೆ ಹಲಗೆಯಲ್ಲಿ 17 ಬಂದ ಮೀನು ಅವನ ಹಲಗೆಯಲ್ಲಿ ಸರಿಯಾಗಿ 20 ತೋರಿಸಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ನಮ್ಮೂರು ಗಂಗೊಳ್ಳಿ. ಅಮ್ಮ, ಅತ್ತೆ ಇಬ್ಬರೂ ಬುಟ್ಟಿ ಹೊತ್ತು ಮೀನು ಮಾರಿದವರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಒಂದು ಯೋಜನೆಯಲ್ಲಿ ಎರಡು ವರ್ಷ ಘಾನಾದ ಎಲ್ಮಿನಾದಲ್ಲಿ ಕೆಲಸ ಮಾಡಿದೆ. ಅಲ್ಲಿ ಬದುಕು ನಡೆಸುವ ಮೀನು ಸಾರ್ಡಿನೆಲ್ಲಾ ಔರಿಟಾ. ನಾವು ಬೈಗೆ ಅನ್ನುವ, ಮಂಗಳೂರಿನವರು ಬೂತಾಯಿ ಅನ್ನುವ ಸಾರ್ಡಿನೆಲ್ಲಾ ಲಾಂಗಿಸೆಪ್ಸ್‌ಗೆ ಹತ್ತಿರದ ನೆಂಟ. ಹೊಟ್ಟೆ ಸೀಳಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ನಮ್ಮ ಬೈಗೆ ಹೆಚ್ಚಾಗಿ ಡಯಾಟಮ್‌ನಂಥ ಪಾಚಿ ತಿನ್ನುವುದು, ಹೊಟ್ಟೆಯಲ್ಲಿ ಹಸಿರು ಹಿಟ್ಟು. ಅಲ್ಲಿನದರ ಹೊಟ್ಟೆಯಲ್ಲಿ ಕೋಪೆಪಾಡ್ ಅನ್ನುವ ಅಕ್ಕಿನುಚ್ಚಿಗಿಂತ ಸಣ್ಣ ಜೀವಿಗಳು ಜಾಸ್ತಿ.

ಕಡಲಿನ ವಿಷಯ ಸ್ವಲ್ಪ ಹೇಳಬೇಕು, ಅದಿಲ್ಲದೆ ಮೀನು ಅರ್ಥವಾಗುವುದಿಲ್ಲ. ಘಾನಾದ ಕರಾವಳಿ ಸುಮಾರು 550 ಕಿಲೋಮೀಟರ್, ಪಶ್ಚಿಮದಿಂದ ಪೂರ್ವಕ್ಕೆ ಮಲಗಿದೆ, ಕಡಲು ದಕ್ಷಿಣಕ್ಕೆ. ವರ್ಷದ ಹೆಚ್ಚಿನ ದಿನ ನೀರು 27ರಿಂದ 29 ಡಿಗ್ರಿ, ಸ್ನಾನದ ನೀರಿನ ಹಾಗೆ. ಜುಲೈಯಿಂದ ಸೆಪ್ಟೆಂಬರ್ ತನಕ ಆಳದ ತಣ್ಣೀರು ಮೇಲೆ ಬಂದು 25ಕ್ಕಿಂತ ಕೆಳಗಿಳಿಯುತ್ತದೆ. ಡಿಸೆಂಬರ್-ಜನವರಿ ಹೊತ್ತಿಗೆ ಮತ್ತೊಮ್ಮೆ ಸಣ್ಣದಾಗಿ ತಣ್ಣಗಾಗುತ್ತದೆ. ತಣ್ಣೀರಿನ ಜೊತೆ ಗೊಬ್ಬರ ಬರುತ್ತದೆ, ಗೊಬ್ಬರಕ್ಕೆ ಪಾಚಿ, ಪಾಚಿಗೆ ಕೋಪೆಪಾಡ್, ಅದಕ್ಕೆ ಮೀನು.

ಯಾಕೆ ಮೇಲೆ ಬರುತ್ತದೆ ಅನ್ನುವುದು ಮಾತ್ರ ಅಷ್ಟು ಸಲೀಸಲ್ಲ. ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟದ್ದು ಗಾಳಿಯ ಕಥೆ. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಮೇಲಿನ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಮಳೆಗಾಲದಲ್ಲಿ ನಮ್ಮ ದಡದ ಉದ್ದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಬೀಸುವ ಗಾಳಿ ನೀರನ್ನು ಪಶ್ಚಿಮಕ್ಕೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಕೆಳಗಿನ ನೀರು ಏರುತ್ತದೆ. ಘಾನಾದಲ್ಲೂ ಗಾಳಿಯ ದಿಕ್ಕು ಇದಕ್ಕೆ ಒಪ್ಪುತ್ತದೆ, ನೈಋತ್ಯದ ಗಾಳಿ. ಆದರೆ ಅದಕ್ಕೆ ಅಷ್ಟು ಶಕ್ತಿಯೇ ಇಲ್ಲ, ಜುಲೈಯಲ್ಲಿ ನೀರು ದಿಢೀರ್ ತಣ್ಣಗಾಗುವಾಗ ದಡದ ಗಾಳಿ ಹೆಚ್ಚೇನೂ ಬದಲಾಗಿರುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಇನ್ನೆರಡು ಕಾರಣ ಮುಂದಿಡುತ್ತಾರೆ. ಒಂದು, ಪೂರ್ವಕ್ಕೆ ಹರಿಯುವ ಗಿನಿ ಪ್ರವಾಹ ಆ ತಿಂಗಳುಗಳಲ್ಲಿ ಜೋರಾಗಿ, ತಣ್ಣೀರಿನ ಪದರ ದಡದ ಕಡೆ ಮೇಲೆದ್ದು ಓರೆಯಾಗುವುದು. ಇನ್ನೊಂದು, ಅಟ್ಲಾಂಟಿಕ್‌ನ ಆ ಕಡೆ, ಬ್ರೆಜಿಲ್ ದಿಕ್ಕಿನಲ್ಲಿ ಗಾಳಿ ಬದಲಾದಾಗ ಹುಟ್ಟಿದ ಕೆಲ್ವಿನ್ ಅಲೆ ಅನ್ನುವ ಕಡಲೊಳಗಿನ ಉದ್ದನೆಯ ಅಲೆ ಭೂಮಧ್ಯರೇಖೆಯ ಗುಂಟ ಬಂದು ಆಫ್ರಿಕಾದ ದಡ ಮುಟ್ಟಿ ತಣ್ಣೀರಿನ ಪದರವನ್ನು ಮೇಲೆತ್ತುವುದು. ನನಗೆ ಎರಡೂ ಸೇರಿಯೇ ಇರಬೇಕು ಅನ್ನಿಸುತ್ತದೆ. ಎಲ್ಲೋ ಬೀಸಿದ ಗಾಳಿಗೆ ಇಲ್ಲಿ ನೀರು ತಣ್ಣಗಾಗುವುದು ಅಂದರೆ ಮೊದಮೊದಲು ನಂಬುವುದಕ್ಕೇ ಕಷ್ಟವಾಗಿತ್ತು.

ತಾಪಮಾನ ದಾಖಲಿಸಲು ಯೋಜನೆಯವರು ಬೆರಳುದ್ದದ ಮೂರು ಲಾಗರ್ ಕೊಟ್ಟಿದ್ದರು. ಹಗ್ಗಕ್ಕೆ ಕಟ್ಟಿ, ತೇಲು ಹಾಕಿ, ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಬಿಟ್ಟು ಬಂದೆ. ಆ ಜಾಗದಲ್ಲೇ ಊರಿನವರು ದಡದಿಂದ ಎಳೆಯುವ ಬಲೆ, ನಮ್ಮ ಕೈರಂಪಣಿಯ ಹಾಗಿನದು, ದಿನಾ ಹಾಕುತ್ತಾರೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿಯೂ! ಹತ್ತೇ ದಿನ. ಬಲೆಗೆ ಸಿಕ್ಕಿ ಎರಡು ಹೋದವು, ಬಲೆಯೂ ಹರಿಯಿತು, ಬಲೆಯ ಯಜಮಾನನಿಗೆ ದುಡ್ಡು ಕೊಟ್ಟು ಕ್ಷಮೆ ಕೇಳಿದ್ದಾಯಿತು. ಅದಾದ ಮೇಲೆ ನನ್ನ ಉಪಕರಣ ಅಂದರೆ ಒಂದು ಬಕೆಟ್, ಒಂದು ಥರ್ಮಾಮೀಟರ್. ದಿನಾ ಬೆಳಿಗ್ಗೆ ಆರಕ್ಕೆ, ಅದೇ ಜಾಗ, ಬಕೆಟ್ ನೆರಳಲ್ಲಿಟ್ಟು, ಪಾದರಸ ನೀರೊಳಗೆ ಇರುವಾಗಲೇ ಓದಬೇಕು. ಮೇಲೆತ್ತಿ ಓದಿದರೆ ಗಾಳಿಗೆ ಒಂದು ಡಿಗ್ರಿ ಹಾಗೇ ಹೋಗಿಬಿಡುತ್ತದೆ. ಮೊದಲ ವರ್ಷ ಜುಲೈಯ ಎರಡನೇ ವಾರದಲ್ಲಿ 26 ಇದ್ದದ್ದು ಮೂರನೇ ವಾರಕ್ಕೆ 23. ಥರ್ಮಾಮೀಟರ್‌ಗಿಂತ ಮೊದಲೇ ದಡದ ಮಕ್ಕಳು ಹೇಳಿದ್ದರು ಅನ್ನಿ, ನೀರಿಗಿಳಿದವರು ಎರಡೇ ನಿಮಿಷಕ್ಕೆ ನಡುಗುತ್ತಾ ಹೊರಗೆ ಓಡಿ ಬರುತ್ತಿದ್ದರು.

ದೊಡ್ಡ ಹಡಗಿನ ಸರ್ವೇ ಇಲ್ಲವಾ ಅಂತ ಸ್ನೇಹಿತರು ಕೇಳುತ್ತಾರೆ. ಇದೆ. ನಾರ್ವೆಯ ಡಾ. ಫ್ರಿಡ್ಟ್ಯೋಫ್ ನಾನ್ಸೆನ್ ಹಡಗು ಪಶ್ಚಿಮ ಆಫ್ರಿಕಾದ ಕಡಲಲ್ಲಿ ದಶಕಗಳಿಂದ ಸದ್ದಿನ ಅಲೆ ಬಿಟ್ಟು ಮೀನಿನ ಗುಂಪು ಅಳೆಯುತ್ತಿದೆ. ಆದರೆ ದೊಡ್ಡ ಹಡಗು ತೀರಾ ದಡದ ಹತ್ತಿರ ಬರಲಾಗುವುದಿಲ್ಲ, ಈ ಮೀನು ನಿಲ್ಲುವುದೋ ಅಲ್ಲೇ. ಹಾಗಾಗಿ ದೋಣಿಗಳು ಇಳಿಸುವ ಮೀನನ್ನೇ ಅಳೆಯಬೇಕು. 2016ರ ಗಣತಿಯಲ್ಲಿ ಘಾನಾ ಕಡಲಿನ ದೋಣಿಗಳು 11 ಸಾವಿರ ದಾಟಿದ್ದವು. ಒಂದೇ ಮರದ ದಿಮ್ಮಿ ಕೊರೆದು ಮಾಡಿದ ತಳ, ಮೇಲೆ ಹಲಗೆ ಏರಿಸಿ, ಬಣ್ಣ ಬಳಿದು, ಬಾವುಟ ಕಟ್ಟಿ, ಬದಿಯಲ್ಲಿ ಬೈಬಲ್ಲಿನ ಸಾಲೋ ಫುಟ್‌ಬಾಲ್ ತಂಡದ ಹೆಸರೋ. 1482ರಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಯ ಪಕ್ಕದಲ್ಲೇ ಅವು ಸಾಲಾಗಿ ಹಿನ್ನೀರಿನೊಳಗೆ ಬರುತ್ತವೆ. ಅವರ ಬಲೆಗಳಲ್ಲಿ ಒಂದರ ಹೆಸರು ಪೋಲಿ. ಸಣ್ಣ ಕಣ್ಣಿನ, ಸುತ್ತು ಹಾಕಿ ಎಳೆಯುವ ಬಲೆ. ಮರಿಯನ್ನೂ ಬಿಡದೆ ಎತ್ತುತ್ತದಾದ್ದರಿಂದ ಕನ್ನಡದವಳಾದ ನನಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸಿತು.

ಇನ್ನು ಅಳತೆ. ದಡದಲ್ಲಿ ಕಿಲೋ ಲೆಕ್ಕ ಇಲ್ಲ, ತಲೆಮೇಲೆ ಹೊರುವ ಅಲ್ಯುಮಿನಿಯಂ ಬೋಗುಣಿಯೇ ಲೆಕ್ಕ, ಪ್ಯಾನ್ ಅನ್ನುತ್ತಾರೆ. ಮೊದಲು ನಾನು ಪ್ಯಾನ್ ಹತ್ತಿರ ಹೋಗಿ ಮೇಲಿನಿಂದ ಐವತ್ತು ಮೀನು ಎತ್ತಿಕೊಂಡು ಬರುತ್ತಿದ್ದೆ. ಒಂದು ಭಾನುವಾರ ಫೋನಿನಲ್ಲಿ ಅತ್ತೆಗೆ ಇದನ್ನು ಹೇಳಿದೆ. ಆ ಕಡೆಯಿಂದ ನಗು. "ಹೆಣ್ಣೇ, ನೀ ಎಂತ ಓದಿದ್ದ್? ಮೇಲಿದ್ದದ್ ಕಂಡ್ ಮೋಸ ಹೋಪುಕಾಗ, ಬುಡಕ್ ಕೈ ಹಾಕ್!" ಅಷ್ಟೇ ವಿಷಯ. ಮಾರುವವರು ದೊಡ್ಡ ಮೀನು ಮೇಲಿಡುತ್ತಾರೆ, ಗಂಗೊಳ್ಳಿಯಾದರೇನು ಎಲ್ಮಿನಾ ಆದರೇನು. ಮರುದಿನದಿಂದ ಒಂದು ದೋಣಿಯ ಮೂರು ಪ್ಯಾನ್ ಆರಿಸಿ, ಪ್ರತಿಯೊಂದರಲ್ಲೂ ಮೇಲೆ, ನಡುವೆ, ತಳ ಅಂತ ಮೂರು ಕಡೆಯಿಂದ ಸೌಟಿನಲ್ಲಿ ತೋಡಿದ ಹಾಗೆ ತೆಗೆಯತೊಡಗಿದೆ. ಸರಾಸರಿ ಉದ್ದ ಒಂದೇ ವಾರದಲ್ಲಿ ಎರಡು ಸೆಂಟಿಮೀಟರ್ ಇಳಿಯಿತು. ಕಡಲಿನ ಮೀನೇನೂ ಸಣ್ಣದಾಗಿರಲಿಲ್ಲ.

ಅಲ್ಲಿ ಮೀನು ಗಂಡಸರದು ಅನ್ನುವುದೆಲ್ಲ ದೋಣಿ ದಡ ಮುಟ್ಟುವ ತನಕ. ಆಮೇಲೆ ಹೆಂಗಸರ ರಾಜ್ಯ. ಇಂಧನ, ಬಲೆ ಅಂತ ಮುಂಗಡ ದುಡ್ಡು ಕೊಡುವವರೂ ಅವರೇ, ಬೆಲೆ ಕಟ್ಟುವವರೂ ಅವರೇ, ಎಲ್ಲರಿಗೂ ಮೇಲೆ ಕೊಂಕೊಹೆಮಾ ಅಂತ ಒಬ್ಬ ಹಿರಿಯಳು. ಅವರ ಒಪ್ಪಿಗೆ ಇಲ್ಲದೆ ಒಂದು ಮೀನು ಮುಟ್ಟುವ ಹಾಗಿಲ್ಲ. ನಾನು ಮಾಡಿದ್ದು ಇಷ್ಟೇ: ಹೊಟ್ಟೆ ಸೀಳಿ ತತ್ತಿ ನೋಡುವ, ವಯಸ್ಸು ತಿಳಿಯಲು ಕಿವಿಯೊಳಗಿನ ಕಲ್ಲು ತೆಗೆಯುವ ಮೀನನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡೆ. ಬರೀ ಅಳೆದ ಮೀನನ್ನು ಐಸಿನಲ್ಲಿಟ್ಟು ಅರ್ಧ ಗಂಟೆಯೊಳಗೆ ವಾಪಸ್ ಕೊಟ್ಟೆ. ಮಂಗಳವಾರ ಅಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ, ಹಿಂದಿನಿಂದ ಬಂದ ಕಟ್ಟಳೆ, ಎಲ್ಲರೂ ಬಲೆ ಹೊಲಿಯುತ್ತಾ ಕೂತಿರುತ್ತಾರೆ. ಮಾತಾಡಿಸಲು ಆ ದಿನವೇ ಒಳ್ಳೆಯದು. ಟ್ವಿ ಭಾಷೆಗೆ ಡಬ್ ಆದ ಹಿಂದಿ ಧಾರಾವಾಹಿ ನೋಡುವ ಹೆಂಗಸರಿಗೆ ನಾನು 'ಇಂಡಿಯಾ'. ಮುಂದಿನ ವಾರ ಏನಾಗುತ್ತದೆ ಹೇಳು ಅಂತ ಪೀಡಿಸುತ್ತಿದ್ದರು, ನಾನು ಸುಮ್ನೆ ಏನೋ ಒಂದು ಹೇಳುತ್ತಿದ್ದೆ.

ಇಷ್ಟೆಲ್ಲ ಆದರೂ ದಡದ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸೈಕೋ ಅಂತ ಒಂದು ದಂಧೆ. ಟ್ರಾಲರ್‌ಗಳು ಹಿಡಿದ ಸಣ್ಣ ಮೀನನ್ನು ಇಟ್ಟಿಗೆಯ ಹಾಗೆ ಮಂಜುಗಟ್ಟಿಸಿ ನಡುಕಡಲಲ್ಲೇ ದೋಣಿಗೆ ಮಾರುವುದು. ಕಾನೂನಿಗೆ ವಿರುದ್ಧ. ಆ ಮೀನು ದೋಣಿಯಿಂದಲೇ ಇಳಿಯುತ್ತದೆ, ಹಾಗಂತ ದೋಣಿಯವರು ಹಿಡಿದದ್ದಲ್ಲ. ಅಂಚು ಚೌಕವಾಗಿ ಒತ್ತಿದ ಮೀನು ಕಂಡರೆ ಆ ದೋಣಿಯನ್ನು ನಾನು ಬೇರೆ ಪುಟದಲ್ಲಿ ಬರೆಯುತ್ತಿದ್ದೆ. ಬೆಳಕು ಹಾಕಿ ಹಿಡಿಯುವವರೂ ಇದ್ದಾರೆ. ನಮ್ಮಲ್ಲೂ ಅದಕ್ಕೆ ನಿಷೇಧ ಇದೆ, ನಮ್ಮಲ್ಲೂ ರಾತ್ರಿ ಬೆಳಕು ಕಾಣುತ್ತದೆ, ಅಲ್ವಾ?

ಹಳಬರ ಬಾಯಲ್ಲಿ 1972ರ ಮಾತು ಬರುತ್ತದೆ. ಆ ವರ್ಷ ಸಾರ್ಡಿನೆಲ್ಲಾ ಹೊಳೆಯಾಗಿ ಬಂತು, ಮರುವರ್ಷ ಮಾಯ. ಅದರ ಬೆನ್ನಿಗೆ ಟ್ರಿಗ್ಗರ್ ಮೀನು, ಚರ್ಮ ಚಪ್ಪಲಿಯಂಥದ್ದು, ಎಲ್ಲಿ ನೋಡಿದರೂ ಅದೇ. 80ರ ದಶಕದ ಕೊನೆಗೆ ಅದೂ ಹೋಯಿತು. ಸಾರ್ಡಿನೆಲ್ಲಾ 90ರ ದಶಕದಲ್ಲಿ ಮತ್ತೆ ಮೇಲೆದ್ದು, ಈಗ ಆಗಿನದರ ಸಣ್ಣ ಪಾಲಿಗೆ ಬಂದು ನಿಂತಿದೆ. 2019ರಲ್ಲಿ ಮೊದಲ ಸಲ ದೋಣಿಗಳಿಗೂ ಒಂದು ತಿಂಗಳ ರಜೆ ಹಾಕಿದರು. ನಮ್ಮ ಯಾಂತ್ರಿಕ ಬೋಟುಗಳ 61 ದಿನದ ರಜೆ ಬಗ್ಗೆ ನಾನು ಹೇಳಿದರೆ ದೋಣಿ ನಡೆಸುವ ಅಲ್ಲಿನ ತಾಂಡೇಲರು, ಅಷ್ಟು ದಿನ ಏನು ತಿನ್ನುತ್ತಾರೆ ಅಂತ ಕೇಳುತ್ತಿದ್ದರು.

ಗ್ರಾಫಿನ ಕಥೆಗೆ ಬರುತ್ತೇನೆ. ಇನ್ನೂರು ಮೀನು ತಂದು, ಒಂದೊಂದನ್ನೂ ಕವಲಿನ ತನಕ ಒಮ್ಮೆ, ತುದಿ ತನಕ ಒಮ್ಮೆ ಅಳೆದು, ಎರಡಕ್ಕೂ ಇರುವ ಸಂಬಂಧ ಕಂಡುಕೊಂಡು, ಹುಡುಗನ ಹಳೆ ಅಳತೆಯನ್ನೆಲ್ಲ ಕವಲಿನ ಅಳತೆಗೆ ಇಳಿಸಿದೆ. ಪುಣ್ಯಕ್ಕೆ ಯಾವ ಹಾಳೆ ಯಾರು ಬರೆದದ್ದು ಅಂತ ಅಕ್ಷರ ನೋಡಿ ಹೇಳಬಹುದಿತ್ತು. ಒಂದೇ ಗುಡ್ಡ ಉಳಿಯಿತು. ಅರ್ಧ ಪೇಪರ್ ಡಿಲೀಟ್ ಆಯಿತು. ಆವತ್ತಿನಿಂದ ಪ್ರತಿ ಹಾಳೆಯ ತಲೆಯಲ್ಲಿ ಯಾರು ಅಳೆದರು, ಎಲ್ಲಿ ತನಕ ಅಳೆದರು ಅಂತ ಬರೆಯುವುದು ಕಡ್ಡಾಯ ಮಾಡಿದೆವು.

ಇನ್ನೊಂದು ತಪ್ಪು ಸಿಕ್ಕಿದ್ದು ಎರಡನೇ ವರ್ಷ. ಜುಲೈ ಕೊನೆ, ಬಕೆಟ್ಟಿನಲ್ಲಿ 23 ಡಿಗ್ರಿ. ಮೀನು ಬರಲೇಬೇಕಾದ ನೀರು. ದೋಣಿಗಳು ಒಂದೊಂದಾಗಿ ಬಂದವು, ಪ್ಯಾನ್ ಹಿಡಿದು ಕಾದಿದ್ದ ಹೆಂಗಸರು ಎದ್ದು ನಿಂತರು, ಮತ್ತೆ ಕೂತರು. ನಾನೂ ಹಲಗೆ ಮಡಚಿ ಪುಸ್ತಕ ಚೀಲಕ್ಕೆ ಹಾಕಿದೆ. ದಿನಾ ನನಗೆ ಮೀನು ಕೊಡುತ್ತಿದ್ದ ಆಂಟಿ ಕೇಳಿದಳು: "ಇಂಡಿಯಾ, ನಿನ್ನ ಗಾಜಿನ ಕಡ್ಡಿ ತಣ್ಣಗಿದೆ ಅಂತಲ್ಲ, ಮೀನೆಲ್ಲಿ?" ಗೊತ್ತಿಲ್ಲ ಆಂಟಿ ಅಂದೆ. "ಹಾಗಾದರೆ ಇವತ್ತು ಬರೆಯೋದಿಲ್ವಾ? ಮೀನಿದ್ದ ದಿನ ಮಾತ್ರ ಬರೀತೀಯಾ?"

ಒಂದೂವರೆ ವರ್ಷ ನಾನು ಮೀನು ತಂದ ದೋಣಿಗಳನ್ನು ಮಾತ್ರ ಬರೆದಿದ್ದೆ. ಖಾಲಿ ಬಂದದ್ದನ್ನು ಬರೆದೇ ಇರಲಿಲ್ಲ. ಒಂದು ಸವಾರಿಗೆ ಸರಾಸರಿ ಎಷ್ಟು ಮೀನು ಅಂತ ನಾನು ತೆಗೆದಿದ್ದ ಲೆಕ್ಕವೆಲ್ಲ ಹಾಗಾಗಿ ನಿಜಕ್ಕಿಂತ ಮೇಲೇ ಇತ್ತು, ಕೆಟ್ಟ ತಿಂಗಳುಗಳಲ್ಲಿ ಇನ್ನೂ ಜಾಸ್ತಿ ಮೇಲೆ. ಹಿಂದಿನದನ್ನು ಸರಿ ಮಾಡಲು ಯಾವ ಸೂತ್ರವೂ ಇರಲಿಲ್ಲ. ಪುಸ್ತಕ ಮತ್ತೆ ಹೊರಗೆ ತೆಗೆದು ಅಲ್ಲೇ ಮರಳ ಮೇಲೆ ಕೂತೆ. ಆ ದಿನದ ಪುಟದಲ್ಲಿ 11 ದೋಣಿ ಇವೆ, 9 ಸೊನ್ನೆ.