ದೊಡ್ಡ ಗೆಂಡೆಗಾಗಿ ಮೂರು ದಿನ

ಕಳೆದ ವರ್ಷ ಇದೇ ಕೆರೆಯಲ್ಲಿ ನನ್ನ ಗಾಳಕ್ಕೆ ಸಿಕ್ಕಿದ್ದ ಭಾರಿ ಗೆಂಡೆಯೊಂದು ದಾರ ಹರಿದುಕೊಂಡು ಹೋಗಿತ್ತು. ಹೋಗುವ ಮುನ್ನ ಒಮ್ಮೆ ಮೇಲಕ್ಕೆದ್ದು ಮಗುಚಿದಾಗ, ಅದರ ಎಡಮೈಯಲ್ಲಿ ಬಾಲದ ಬಳಿ ಹುರುಪೆಗಳಿಲ್ಲದ ಅಂಗೈಯಗಲದ ಜಾಗವೊಂದು ಸ್ಪಷ್ಟವಾಗಿ ಕಂಡಿತ್ತು. ದಾರವನ್ನು ಸುತ್ತಿಕೊಂಡು ನೋಡಿದರೆ ಅದರ ತುದಿ ಒಂದು ಗೇಣಿನಷ್ಟು ಉದ್ದಕ್ಕೆ ಒರಟಾಗಿತ್ತು. ಹಿಂದಿನ ಎಸೆತದಲ್ಲಿ ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿಕೊಂಡಿದ್ದ ದಾರವನ್ನು ಬಿಡಿಸಿಕೊಂಡ ನಾನು, ಅದನ್ನು ಪರೀಕ್ಷಿಸದೆ ಮತ್ತೆ ಎಸೆದಿದ್ದೆ. ತಪ್ಪು ನನ್ನದು, ಕೊಕ್ಕೆಯನ್ನು ಬಾಯಲ್ಲಿ ಹೊತ್ತು ಹೋದದ್ದು ಮೀನು. ಆ ಸಂಗತಿ ವರ್ಷವಿಡೀ ನನ್ನನ್ನು ಕಾಡಿತು.

ಈ ಸಲ ಮೂರು ದಿನಗಳ ಬಿಡುವು ಮಾಡಿಕೊಂಡು ಹೋದೆ. ಮೊದಲ ದಿನ ಗಾಳ ಹಾಕಲೇ ಇಲ್ಲ. ದೊಡ್ಡ ಮೀನು ಎಲ್ಲಿ ಮೇಯುತ್ತಿದೆ ಎಂಬುದು ತಿಳಿಯದೆ ಎಸೆಯುವ ಎರೆ ಎಷ್ಟೇ ಉತ್ತಮವಾಗಿದ್ದರೂ ವ್ಯರ್ಥ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ದಿನಗಳಿಂದ ಬೆಚ್ಚಗಿನ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದುದರಿಂದ, ಅಲೆಗಳು ಬಡಿಯುತ್ತಿದ್ದ ದಡದಲ್ಲಿ ಕುಳಿತು ಮುಂಜಾನೆಯಿಂದ ನೀರನ್ನೇ ನೋಡುತ್ತಿದ್ದೆ. ಕೆಸರಿನಲ್ಲಿ ಕೊಳೆತ ಎಲೆಗಳಿಂದ ಹೊರಡುವ ಗುಳ್ಳೆಗಳು ಒಂದೇ ಸ್ಥಳದಲ್ಲಿ ಆಗಾಗ ಏಳುತ್ತವೆ. ತಳವನ್ನು ಕೆದಕಿ ಮೇಯುವ ಗೆಂಡೆಯ ಗುಳ್ಳೆಗಳಾದರೋ ಗುಂಪಾಗಿ ಎದ್ದು, ಸ್ವಲ್ಪ ಹೊತ್ತಿನ ಮೇಲೆ ಮಾರು ದೂರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಅಂತಹ ಚಲಿಸುವ ಗುಳ್ಳೆಗಳನ್ನು ದಡದಿಂದ ಸುಮಾರು 40 ಮೀಟರ್ ದೂರದಲ್ಲಿ ಬೆಳಿಗ್ಗೆ ಎರಡು ಬಾರಿ, ಸಂಜೆ ಮೂರು ಬಾರಿ ಕಂಡೆ.

ಎರಡನೆಯ ದಿನ ತಳವನ್ನು ಅರಿಯಲು ಮೀಸಲಾಯಿತು. ಕೊಕ್ಕೆಯಿಲ್ಲದೆ 85 ಗ್ರಾಂ ಸೀಸದ ಗುಂಡನ್ನಷ್ಟೇ ಕಟ್ಟಿ ಎಸೆದು, ಅದು ತಳ ಮುಟ್ಟಿದ ಮೇಲೆ ಕೋಲನ್ನು ನಿಧಾನವಾಗಿ ಪಕ್ಕಕ್ಕೆ ಎಳೆಯುತ್ತ ಬಂದೆ. ಕೆಸರಿದ್ದಲ್ಲಿ ಗುಂಡು ಹೂತು ಭಾರವಾಗಿ ಜಾರುತ್ತದೆ, ಜೊಂಡಿದ್ದಲ್ಲಿ ತಡೆದು ತಟ್ಟನೆ ಬಿಡುತ್ತದೆ, ಗರಸು ನೆಲದ ಮೇಲೆ ಟಕಟಕನೆ ಬಡಿಯುವುದು ಕೋಲಿನ ಬುಡದವರೆಗೂ ತಿಳಿಯುತ್ತದೆ. ಕಣ್ಣು ಮುಚ್ಚಿಕೊಂಡರೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂಬುದನ್ನು ನಾನು ಅಂದೇ ಕಂಡುಕೊಂಡೆ. ಗುಳ್ಳೆಗಳು ಎದ್ದಿದ್ದ ಕಡೆ, ಸುತ್ತಲೂ ಕೆಸರಿದ್ದ ನಡುವೆ, ಎರಡು ಮಂಚ ಹಾಸುವಷ್ಟು ಗಟ್ಟಿ ನೆಲ ಸಿಕ್ಕಿತು. ಅಲ್ಲಿನ ಆಳ ಎರಡೂವರೆ ಮೀಟರ್. ಹಳೆಯ ಬೊಡ್ಡೆ ಅದರ ಎಡಕ್ಕೆ 20 ಮೀಟರ್ ದೂರದಲ್ಲಿತ್ತು. ಎದುರು ದಡದ ಒಂದು ಮರವನ್ನು ಗುರಿಯಾಗಿಟ್ಟುಕೊಂಡು, ದಾರವನ್ನು ಅಷ್ಟೇ ಉದ್ದಕ್ಕೆ ರೀಲಿನ ಕ್ಲಿಪ್ಪಿಗೆ ಸಿಕ್ಕಿಸಿ, ಕತ್ತಲಲ್ಲೂ ಅದೇ ಜಾಗಕ್ಕೆ ಎಸೆಯುವಂತೆ ಮಾಡಿಕೊಂಡೆ.

ಎರೆಗೆ ಬಳಸಿದ್ದು ಒಣ ಮೆಕ್ಕೆಜೋಳ. ಅದನ್ನು 24 ಗಂಟೆ ನೆನೆಸಿ, ಅರ್ಧ ಗಂಟೆ ಬೇಯಿಸಿ, ಅದೇ ನೀರಿನಲ್ಲಿ ಎರಡು ದಿನ ಬಿಟ್ಟಿದ್ದೆ; ಸರಿಯಾಗಿ ನೆನೆಯದ ಕಾಳು ಮೀನಿನ ಕರುಳಿನಲ್ಲಿ ಉಬ್ಬಬಾರದು. ಗೆಂಡೆಗೆ ಹೊಟ್ಟೆಯ ಚೀಲವಿಲ್ಲ. ಗಂಟಲ ಹಲ್ಲುಗಳಿಂದ ಅರೆದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಬುಟ್ಟಿಗಟ್ಟಲೆ ಎರೆ ಸುರಿಯುವವರನ್ನು ನಾನು ನೋಡಿದ್ದೇನೆ, ಆದರೆ ಒಂದೇ ದೊಡ್ಡ ಮೀನನ್ನು ಅರಸುವಾಗ ನಾಲ್ಕು ಹಿಡಿ ಸಾಕು.

ಎರೆಯನ್ನು ಕೊಕ್ಕೆಗೆ ಚುಚ್ಚದೆ, ಅದರ ಹಿಂಬದಿಯಿಂದ ಇಳಿಬಿಟ್ಟ ತೆಳುವಾದ ಎಳೆಯಲ್ಲಿ ಎರಡು ಕಾಳು ಪೋಣಿಸಿದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ‘ಹೇರ್ ರಿಗ್’ ಗೆಂಡೆಯ ಸ್ವಭಾವಕ್ಕೆ ತಕ್ಕುದಾಗಿದೆ. ಗೆಂಡೆ ಆಹಾರವನ್ನು ಒಳಗೆ ಹೀರಿ, ರುಚಿ ನೋಡಿ, ಸಂಶಯ ಬಂದರೆ ಉಗುಳುತ್ತದೆ. ಉಗುಳುವಾಗ ಬರಿಯ ಕೊಕ್ಕೆ ತಿರುಗಿ ಕೆಳತುಟಿಗೆ ನಾಟುತ್ತದೆ. ಹಿಂದಿನ ವರ್ಷದ ನೆನಪಿನಿಂದ ಹಿಂಮುಳ್ಳಿಲ್ಲದ ಕೊಕ್ಕೆಯನ್ನೇ ಆರಿಸಿಕೊಂಡು, ಒಂದು ವೇಳೆ ದಾರ ಹರಿದರೂ ಸೀಸದ ಗುಂಡು ಕಳಚಿಕೊಳ್ಳುವಂತೆ ಕಟ್ಟಿದೆ.

ಮೂರನೆಯ ದಿನ ಬೆಳಗಿನ 5 ಗಂಟೆ 20 ನಿಮಿಷಕ್ಕೆ, ಮೀನು ದಾರ ಎಳೆದರೆ ಸದ್ದು ಮಾಡುವ ಅಲಾರಂ ಬಿಡದೆ ಕೂಗಿತು. ಕೋಲನ್ನು ಎತ್ತಿದೊಡನೆ ಮೀನು ನೇರವಾಗಿ ಎಡಕ್ಕೆ, ಬೊಡ್ಡೆಯ ಕಡೆಗೇ ನುಗ್ಗಿತು. ಕೋಲನ್ನು ನೀರಿನ ಮಟ್ಟಕ್ಕೆ ಬಾಗಿಸಿ, ದಡದಲ್ಲಿ ಬಲಕ್ಕೆ ನಡೆಯುತ್ತ, ಪಕ್ಕದಿಂದ ಒತ್ತಡ ಹಾಕಿದೆ. ನೇರವಾಗಿ ಹಿಂದಕ್ಕೆ ಎಳೆದಿದ್ದರೆ ಅದು ತನ್ನ ಇಡೀ ಭಾರವನ್ನು ಎದುರಿಗೆ ಹಾಕುತ್ತಿತ್ತು. ಪಕ್ಕದ ಎಳೆತ ಅದರ ತಲೆಯನ್ನು ತಿರುಗಿಸಿತು. ಸುಮಾರು 20 ನಿಮಿಷಗಳ ಬಳಿಕ ಕೈಬಲೆಯೊಳಗೆ ಬಂದಿತು.

ಒದ್ದೆ ಮಾಡಿದ ಮೆತ್ತೆಯ ಮೇಲೆ ಮಲಗಿಸಿ ನೋಡಿದಾಗ ಎಡಮೈಯಲ್ಲಿ ಬಾಲದ ಬಳಿ ಹುರುಪೆಗಳಿಲ್ಲದ ಅದೇ ಜಾಗ ಕಂಡಿತು. ನಾನು ಮೊದಲು ನೋಡಿದ್ದು ಅದರ ಬಾಯನ್ನು. ಹಳೆಯ ಕೊಕ್ಕೆ ಇರಲಿಲ್ಲ. ಕೆಳತುಟಿಯ ಬಲಬದಿಯಲ್ಲಿ ವಾಸಿಯಾದ ಬಿಳಿಯ ಗುರುತೊಂದಿತ್ತು. ಆ ಕ್ಷಣದ ಸಮಾಧಾನದ ಮುಂದೆ ತೂಕ ಎರಡನೆಯ ಮಾತಾಯಿತು. ಒದ್ದೆ ಚೀಲದ ಭಾರ ಕಳೆದು 13 ಕೆ.ಜಿ. 600 ಗ್ರಾಂ ತೂಗಿತು.

ಮೊಣಕಾಲುದ್ದದ ನೀರಿನಲ್ಲಿ ಅದನ್ನು ನೆಟ್ಟಗೆ ಹಿಡಿದು ನಿಂತೆ. ಕಿವಿರುಗಳು ಒಂದೇ ಸಮನೆ ಆಡತೊಡಗಿದ ಮೇಲೆ ಅದು ತಾನಾಗಿಯೇ ನನ್ನ ಕೈಗಳ ನಡುವಿನಿಂದ ಮುಂದೆ ಸಾಗಿತು. ದಡಕ್ಕೆ ಮರಳಿ, ದಾರದ ಕೊನೆಯ ಐದು ಮೀಟರನ್ನು ಬೆರಳುಗಳ ನಡುವೆ ಎಳೆದು ನೋಡಿದೆ. ಒಂದು ಕಡೆ ಸ್ವಲ್ಪ ಒರಟು ತಗುಲಿತು. ಅಷ್ಟನ್ನೂ ಕತ್ತರಿಸಿ ತೆಗೆದು, ಹೊಸದಾಗಿ ಗಂಟು ಹಾಕಿದೆ.